ಬರಗಾಲ ಎಲೆಕ್ಷನ್‌ಗೆ ಬರುತ್ತದೆ, ಬಿಸಿ ಬರುವುದಿಲ್ಲ

2024ರ ಲೋಕಸಭಾ ಎಲೆಕ್ಷನ್ ನೆನಪಿದೆಯಾ? ನಮ್ಮ ಧಾರವಾಡ, ಹಾವೇರಿ ಕ್ಷೇತ್ರಗಳಲ್ಲಿ ಓಟು ಬಿದ್ದದ್ದು ಮೇ 7ಕ್ಕೆ.  ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತ್ತು. ಹಾಗಾಗಿ ಪ್ರಚಾರದ ತುಂಬಾ ಬರಗಾಲವೇ. ರಾಜ್ಯ ಸರ್ಕಾರ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಕಾಂಗ್ರೆಸ್‌ನವರು, ಕೇಂದ್ರ ಕೊಟ್ಟದ್ದು ಇದೇ ಅಂತ, ಪೇಪರ್ ಜಾಹೀರಾತಿನಲ್ಲಿ ಖಾಲಿ ಚೊಂಬು ಹಾಕಿಸಿದರು. ಇನ್ನೊಂದು ಕಡೆಯವರು ಅದು ಚೊಂಬಲ್ಲ, ಅಕ್ಷಯ ಪಾತ್ರೆ ಅಂದರು. ಟಿವಿಯವರಿಗೆ ಹಬ್ಬವೋ ಹಬ್ಬ.

ಆ ಜಗಳ ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ರೊಕ್ಕ ಕೇಳಲೇಬೇಕಿತ್ತು. ಆದರೆ ಎರಡೂ ಕಡೆಯವರ ಭಾಷಣ ಕೇಳಿ ಕೇಳಿ ನನಗೆ ಅನಿಸಿದ್ದು ಇಷ್ಟೇ: ಬರ ಬಂದ ಮೇಲಿನ ಲೆಕ್ಕ ಎಲ್ಲರಿಗೂ ಬಾಯಿಪಾಠ, ಬರ ಯಾಕೆ ಹೀಗೆ ಮೇಲಿಂದ ಮೇಲೆ ಬರುತ್ತಿದೆ, ಮುಂದಿನದಕ್ಕೆ ಏನು ತಯಾರಿ ಅನ್ನುವುದನ್ನು ಯಾರೂ ಎತ್ತಲಿಲ್ಲ. ಜನರೂ ಕೇಳಲಿಲ್ಲ.

"ನಮ್ಮ ಜನಕ್ಕೆ ಗ್ಲೋಬಲ್ ವಾರ್ಮಿಂಗ್ ಎಲ್ಲಾ ತಿಳಿಯಲ್ಲ ಬಿಡಿ" ಅನ್ನುವ ಮಾತು ಓದಿದವರ ಬಾಯಲ್ಲಿ ಜಾಸ್ತಿ. ನನಗೆ ಇದು ಸುಮ್ನೆ ಸೊಕ್ಕಿನ ಮಾತು ಅನಿಸುತ್ತದೆ. ನವಲಗುಂದದ ಕಡೆ ಎರಿ ಹೊಲ ಮಾಡುವ ಯಾರನ್ನಾದರೂ ಮಾತಾಡಿಸಿ ನೋಡಿ. ಮಿರಗದ ಮಳೆಗೆ ಹೆಸರು ಬಿತ್ತಿ, ಆಗಸ್ಟ್ ಹೊತ್ತಿಗೆ ಬಿಡಿಸಿಕೊಂಡು, ಅದೇ ಹೊಲಕ್ಕೆ ಹಿಂಗಾರಿಗೆ ಕಡಲೆಯನ್ನೋ ಬಿಳಿಜೋಳವನ್ನೋ ಹಾಕುವುದು ಅವರ ಲೆಕ್ಕ. ಈ ಲೆಕ್ಕ ನಿಂತಿರುವುದೇ ಮಳೆ ಹೊತ್ತಿಗೆ ಬರುತ್ತದೆ, ಹೊತ್ತಿಗೆ ಬಿಡುತ್ತದೆ ಅನ್ನುವ ನಂಬಿಕೆ ಮೇಲೆ. ಈಗ ಬಿತ್ತುವಾಗ ಮಳೆ ಇಲ್ಲ, ಹೆಸರು ಬಿಡಿಸುವಾಗ ವಾರಗಟ್ಟಲೆ ಜಿಟಿಜಿಟಿ ಹಿಡಿದು ಕಾಯಿಯಲ್ಲೇ ಮೊಳಕೆ. ನಮ್ಮ ಸಂಬಂಧದ ಕಾಕಾ ಒಬ್ಬರು ಹೇಳುವುದು ಹೀಗೆ: "ಮೊದಲ ಮಳಿ ಬಂದ್ರ ಬೆಳಿ, ಬರ್ಲಿಲ್ಲಂದ್ರ ಬರ. ಈಗ ಬಂದ್ರೂ ಇಲ್ಲ, ಬರದಿದ್ರೂ ಇಲ್ಲ." ಹವಾಮಾನ ತಜ್ಞರು ಪುಟಗಟ್ಟಲೆ ಬರೆಯುವುದರಲ್ಲಿ ಅರ್ಧ ಇದರಲ್ಲೇ ಬಂತು ಅಲ್ವಾ?

2019 ನೋಡಿ. ಬೇಸಿಗೆಯಿಡೀ ಮೇವಿಲ್ಲ, ನೀರಿಲ್ಲ ಅಂತ ಒದ್ದಾಡಿದ ಸೀಮೆ ಇದು. ಅದೇ ವರ್ಷ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ಕಡೆ ಮನೆಯೊಳಗೆ ನೀರು. ಬೆಣ್ಣೆಹಳ್ಳ ಹೊಲಗಳನ್ನೇ ಕೊಚ್ಚಿಕೊಂಡು ಹೋಯಿತು. ಅತ್ತ ಹಾವೇರಿಯಲ್ಲಿ ವರದಾ ಹೊಳೆಯ ಗೋಳು. ನಾಲ್ಕು ವರ್ಷ ಬಿಟ್ಟು 2023ರಲ್ಲಿ ಪೂರ್ತಿ ಉಲ್ಟಾ. ಆ ಆಗಸ್ಟ್ 1901ರಿಂದ ಈಚೆಗೆ ಇಡೀ ದೇಶಕ್ಕೇ ಅತಿ ಒಣ ಆಗಸ್ಟ್.

ಬರವೂ ಜಾಸ್ತಿ, ನೆರೆಯೂ ಜಾಸ್ತಿ ಅಂದರೆ ಕೆಲವರಿಗೆ ನಗು ಬರುತ್ತದೆ. ಕಾರಣ ಅಂಥ ಕಷ್ಟದ್ದಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಮಳೆ ಇಲ್ಲದ ದಿನಗಳಲ್ಲಿ ಅದೇ ಗಾಳಿ ಹೊಲದ ಹಸಿಯನ್ನು ಬೇಗ ಹೀರುತ್ತದೆ, ಸುರಿಯುವ ದಿನ ಬಂದರೆ ಒಮ್ಮೆಲೇ ಸುರಿಯುತ್ತದೆ. ವರ್ಷದ ಒಟ್ಟು ಮಳೆ ಮೊದಲಿನಷ್ಟೇ ಇದ್ದರೂ ಬೆಳೆಗೆ ಅದು ದಕ್ಕುವುದಿಲ್ಲ. ಹಾಗಂತ ಪ್ರತಿ ಬರವನ್ನೂ ಇದರ ತಲೆಗೆ ಕಟ್ಟುವುದೂ ಸರಿಯಲ್ಲ. 2023ರಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಸೊರಗಿಸಬಲ್ಲ ವಿದ್ಯಮಾನ) ಇತ್ತು, ಅದು ಮೊದಲಿನಿಂದಲೂ ಬಂದು ಹೋಗುವಂಥದ್ದು. ಬರಗಾಲ ನಮ್ಮ ಸೀಮೆಗೆ ಹೊಸದೇನಲ್ಲ. ಹೊಸದು ಅಂದರೆ ಒಂದರ ಹಿಂದೆ ಒಂದು, ಉಸಿರಾಡೋಕೂ ಬಿಡದೆ ಬರುವುದು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಭಾರತದಲ್ಲಿ ಒಂದು ಸಮೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದರು. ಗ್ಲೋಬಲ್ ವಾರ್ಮಿಂಗ್ ಅಂದರೆ ಏನು ಅಂತ ಮೊದಲು ಚಿಕ್ಕದಾಗಿ ತಿಳಿಸಿ, ಆಮೇಲೆ ಇದು ನಿಜವಾಗಿ ನಡೆಯುತ್ತಿದೆಯಾ ಅಂತ ಕೇಳಿದರೆ ನೂರಕ್ಕೆ 84 ಜನ ಹೌದು ಅಂದರು. ಅಂದರೆ ಒಪ್ಪದವರ ಸಮಸ್ಯೆ ನಮ್ಮಲ್ಲಿ ಇಲ್ಲ. 2024ರ ಎಲೆಕ್ಷನ್‌ಗೆ ಮೊದಲು ಲೋಕನೀತಿ-ಸಿಎಸ್‌ಡಿಎಸ್‌ನವರು ಓಟು ಹಾಕುವಾಗ ಯಾವುದು ದೊಡ್ಡ ವಿಷಯ ಅಂತ ಕೇಳಿದಾಗ ಶೇ 27 ಜನ ನಿರುದ್ಯೋಗ ಅಂದರು, ಶೇ 23 ಜನ ಬೆಲೆ ಏರಿಕೆ ಅಂದರು. ಉಳ್ಳಾಗಡ್ಡಿ, ಬೇಳೆ ತುಟ್ಟಿಯಾಗುವುದರಲ್ಲಿ ಹವಾಮಾನದ ಕೈ ಎಷ್ಟು ಅನ್ನುವ ಪ್ರಶ್ನೆ ಆ ಶೇ 23ರೊಳಗೇ ಎಲ್ಲೋ ಮುಚ್ಚಿಹೋಗಿದೆ.

ಮತ್ತೆ ಈ ಭೂಮಿಯ ಬಿಸಿ ಯಾಕೆ ಓಟಾಗುವುದಿಲ್ಲ? ನನ್ನ ಪ್ರಕಾರ ಮುಖ್ಯ ಕಾರಣ, ಬೈಯ್ಯೋಕೆ ಎದುರಿಗೆ ಯಾರೂ ಸಿಗುವುದಿಲ್ಲ.

2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ದಿಢೀರ್ ಕುಸಿದಾಗ ರೈತರು ಎಪಿಎಂಸಿ ಕಚೇರಿಗೇ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಸರಿ ಅಂತ ಹೇಳುತ್ತಿಲ್ಲ. ಆದರೆ ಅಲ್ಲಿ ಸಿಟ್ಟು ತೀರಿಸಿಕೊಳ್ಳೋಕೆ ಒಂದು ಕಟ್ಟಡ ಇತ್ತು. ಮಹದಾಯಿ ಹೊಳೆ ನೀರಿನ ಜಗಳಕ್ಕೂ ಹಾಗೇ. ಗೋವಾ ಇದೆ, ದಿಲ್ಲಿ ಇದೆ, ನ್ಯಾಯಮಂಡಳಿ ಇದೆ, 2018ರ ತೀರ್ಪಿನಲ್ಲಿ ಇಷ್ಟು ಟಿಎಂಸಿ ಅಂತ ಲೆಕ್ಕ ಇದೆ. ಅದಕ್ಕೇ ಆ ನೀರು ತರುವ ಕಳಸಾ-ಬಂಡೂರಿ ಯೋಜನೆ ಪ್ರತಿ ಎಲೆಕ್ಷನ್‌ಗೂ ತಪ್ಪದೆ ಎದ್ದು ಬರುತ್ತದೆ. ಭೂಮಿ ಬಿಸಿಯಾಗುವುದಕ್ಕೆ ಇಂಥದ್ದು ಏನೂ ಇಲ್ಲ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟ ಹೊಗೆ ನೂರಾರು ವರ್ಷ ಆಕಾಶದಲ್ಲಿ ಸೇರಿಕೊಂಡು, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಇದ್ದ ಕಾರ್ಬನ್ ಡೈ ಆಕ್ಸೈಡ್ 420 ದಾಟಿದೆ. ಇದರಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕೂಡಗಿಯ ಪಾಲು ಎಷ್ಟು, ಶಕ್ತಿನಗರದ್ದೆಷ್ಟು, ಚೀನಾದ್ದೆಷ್ಟು ಅಂತ ಯಾರ ಮನೆ ಮುಂದೆ ಧರಣಿ ಕೂಡುತ್ತೀರಿ?

ಕಣ್ಣಿಗೆ ಕಾಣುವುದು ಬೇಕು ಅಂದಾಗ ಜನ ಕಂಡದ್ದನ್ನೇ ಹಿಡಿಯುತ್ತಾರೆ. ಗದಗ ಕಡೆ ಹೋದರೆ ಗುಡ್ಡದ ಮೇಲೆಲ್ಲಾ ಗಾಳಿ ಫ್ಯಾನುಗಳು. ಈ ಫ್ಯಾನುಗಳೇ ಮೋಡ ಓಡಿಸುತ್ತವೆ, ಅದಕ್ಕೇ ನಮಗೆ ಮಳೆ ಇಲ್ಲ ಅನ್ನುವವರು ಇದ್ದಾರೆ. ಮಳೆ ತರುವ ಮೋಡಗಳ ಸಾಲು ನೂರಾರು ಕಿಲೋಮೀಟರ್ ಹರಡಿರುತ್ತದೆ, ಕಿಲೋಮೀಟರ್‌ಗಟ್ಟಲೆ ದಪ್ಪ ಇರುತ್ತದೆ. ನೂರು ಮೀಟರ್ ಆಸುಪಾಸಿನ ಕಂಬದ ಮೇಲೆ ತಿರುಗುವ ರೆಕ್ಕೆ ಅದನ್ನು ಏನು ಮಾಡೀತು? ಆದರೆ ತಮಾಷೆ ನೋಡಿ, ಕಲ್ಲಿದ್ದಲು ಸುಡದೆ ಕರೆಂಟು ಕೊಡುವ ಯಂತ್ರವೇ ಇಲ್ಲಿ ಆರೋಪಿ. ನಾಳೆ ಯಾರಾದರೂ "ಫ್ಯಾನ್ ಕೀಳಿಸುತ್ತೇನೆ, ಮಳೆ ತರಿಸುತ್ತೇನೆ" ಅಂತ ಎಲೆಕ್ಷನ್‌ಗೆ ನಿಂತರೆ ನಾಲ್ಕು ಓಟು ಜಾಸ್ತಿಯೇ ಬಿದ್ದಾವು. ಹಾಗಂತ ಫ್ಯಾನಿನ ಕಂಪನಿಗಳ ಮೇಲೆ ದೂರೇ ಇರಬಾರದು ಅಂತಲ್ಲ. ಜಮೀನಿನ ಬಾಡಿಗೆ, ದಾರಿ, ಸದ್ದು, ಇವೆಲ್ಲ ಬೇರೆಯೇ ತಕರಾರು, ಕೇಳಬೇಕಾದವೇ.

ಹುಬ್ಬಳ್ಳಿ-ಧಾರವಾಡದ ನಮ್ಮಂಥವರದು ಇನ್ನೊಂದು ಕಥೆ. ರಸ್ತೆ ಅಗಲ ಮಾಡುವಾಗ ಮರ ಕಡಿದರು, ಅದಕ್ಕೇ ಧಾರವಾಡದಲ್ಲಿ ಹಿಂಗೆ ಸೆಕೆ ಅನ್ನುತ್ತೇವೆ. ಅರ್ಧ ನಿಜ. ಮರ ಹೋದ ಓಣಿಯಲ್ಲಿ ಬಿಸಿ ಹೆಚ್ಚೇ. ಆದರೆ ಆ ಮರಗಳೆಲ್ಲ ಇದ್ದಿದ್ದರೂ 2023ರ ಮುಂಗಾರು ನೆಟ್ಟಗಾಗುತ್ತಿರಲಿಲ್ಲ. ಈ ಅರ್ಧ ನಿಜದಿಂದ ರಾಜಕಾರಣಿಗಳಿಗೆ ಅನುಕೂಲ ಜಾಸ್ತಿ. ಜೂನ್ 5ಕ್ಕೆ ಒಂದು ಸಸಿ ನೆಟ್ಟು, ಕೊಡ ಹಿಡಿದು ಫೋಟೊ ತೆಗೆಸಿಕೊಂಡರೆ ಆ ವರ್ಷದ ಪರಿಸರ ಮುಗಿಯಿತು.

ನಮ್ಮ ಜನಕ್ಕೆ ಪರಿಸರದ ವಿಷಯಕ್ಕೆ ಹೋರಾಡೋಕೆ ಬರುವುದಿಲ್ಲ ಅಂತೀರಾ? 1987ರ ನವೆಂಬರ್ 14ಕ್ಕೆ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಊರ ಗೋಮಾಳದಲ್ಲಿ ಹಚ್ಚಿದ್ದ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಅಂತಲೇ ಆ ಸತ್ಯಾಗ್ರಹದ ಹೆಸರು. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡೋದಿಲ್ಲ ಅಂತ ರೈತರು ಹಟ ಹಿಡಿದರು, ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಕೊನೆಗೆ ಯೋಜನೆಯೇ ವಾಪಸ್ ಹೋಯಿತು. ಗದಗ ಜಿಲ್ಲೆಯ ಕಪ್ಪತಗುಡ್ಡವೂ ಅಷ್ಟೇ, ಗಣಿಗಾರಿಕೆ ಬೇಡ ಅಂತ ಜನ ಬೀದಿಗಿಳಿದ ಮೇಲೆ ಉಳಿಯಿತು, 2019ರಲ್ಲಿ ವನ್ಯಜೀವಿ ಧಾಮವಾಯಿತು. ಆದರೆ ಒಂದು ಗಮನಿಸಿ. ಇದ್ಯಾವುದೂ ಓಟಿನಿಂದ ಆದದ್ದಲ್ಲ. ಮೂರರಲ್ಲೂ ಎದುರಿಗೆ ಒಂದು ಕಂಪನಿಯೋ ಒಂದು ಆದೇಶವೋ ಇತ್ತು, ಕಾಲಡಿಯಲ್ಲಿ ತಮ್ಮದೇ ನೆಲ ಇತ್ತು.

ಬಿಸಿಲು ಮಾತ್ರ ಯಾರ ಆಮಂತ್ರಣಕ್ಕೂ ಕಾಯದೆ ಆ ಎಲೆಕ್ಷನ್‌ಗೆ ಬಂದೇಬಿಟ್ಟಿತ್ತು. ಏಪ್ರಿಲ್ 24ಕ್ಕೆ ಯವತ್ಮಾಳದ ಸಭೆಯಲ್ಲಿ ಮಾತಾಡುತ್ತಲೇ ನಿತಿನ್ ಗಡ್ಕರಿ ಕುಸಿದರು, ಬಿಸಿಲಿನ ಕಾರಣ ಅಂತ ಅವರೇ ಹೇಳಿದರು. ಕೊನೆಯ ಹಂತದ ದಿನ, ಜೂನ್ 1ಕ್ಕೆ, ಉತ್ತರ ಪ್ರದೇಶ ಒಂದರಲ್ಲೇ ಚುನಾವಣಾ ಕೆಲಸದಲ್ಲಿದ್ದ 33 ಜನ ಬಿಸಿಲಿಗೆ ಸತ್ತರು. ಎಣಿಕೆಯ ಹಿಂದಿನ ದಿನ ಆಗಿನ ಮುಖ್ಯ ಚುನಾವಣಾ ಆಯುಕ್ತ ರಾಜೀವ್ ಕುಮಾರ್, ಒಂದು ತಿಂಗಳು ಮೊದಲೇ ಮುಗಿಸಬೇಕಿತ್ತು, ಇದು ನಾವು ಕಲಿತ ಪಾಠ ಅಂದರು. ಇಷ್ಟಾದರೂ ಅದು ತಾರೀಖಿನ ವಿಷಯವಾಯಿತೇ ಹೊರತು ಓಟಿನ ವಿಷಯವಾಗಲಿಲ್ಲ. ಇನ್ನೊಂದು ವಿಚಿತ್ರ ಹೇಳುತ್ತೇನೆ. ಕೇಂದ್ರದ ವಿಪತ್ತು ನಿಧಿಯಿಂದ ಪರಿಹಾರ ಸಿಗುವ ವಿಪತ್ತುಗಳ ಪಟ್ಟಿ ಅಂತ ಒಂದಿದೆ. ಆ ಎಲೆಕ್ಷನ್ ಹೊತ್ತಿಗೆ ಅದರಲ್ಲಿ ಶೀತಗಾಳಿ ಇತ್ತು, ಬಿಸಿಗಾಳಿ ಇರಲಿಲ್ಲ! ನಮ್ಮ ಎಂಪಿಗಳನ್ನು ಕೇಳೋಕೆ ಇದಕ್ಕಿಂತ ನೇರ ಪ್ರಶ್ನೆ ಬೇಕಿತ್ತಾ?

ಆಗ ಆ ನಿಧಿಯ ನಿಯಮದಂತೆ ಮಳೆ ಆಶ್ರಿತ ಬೆಳೆ ಹೋದರೆ ಸಿಗುತ್ತಿದ್ದದ್ದು ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಹಿಡಿದರೆ 3,400ರ ಆಸುಪಾಸು. ಬೀಜ, ಗೊಬ್ಬರ, ಗಳೆ, ಆಳು ಎಲ್ಲಾ ಸೇರಿಸಿ ಎಕರೆಗೆ ಎಷ್ಟಾಗುತ್ತದೆ ಅಂತ ಹೊಲ ಇದ್ದವರಿಗೆ ನಾನು ಹೇಳಬೇಕಿಲ್ಲ. 2024ರಲ್ಲಿ ಇದಕ್ಕೂ ಮೊದಲು ರಾಜ್ಯ ಸರ್ಕಾರ ಕೊಟ್ಟ ಮೊದಲ ಕಂತು 2,000 ರೂಪಾಯಿವರೆಗೆ. ಅದನ್ನು ಕೊಟ್ಟವರು ಯಾರು ಅಂತ ಜನಕ್ಕೆ ನೆನಪಿರುತ್ತದೆ, ಕೊಟ್ಟವರೂ ನೆನಪಿಸುತ್ತಾರೆ. ಒಂದು ಕೃಷಿ ಹೊಂಡ ತೋಡಿಸಿದ್ದರಿಂದ ಕಡಲೆ ಒಣಗಲಿಲ್ಲ ಅನ್ನುವುದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಇದನ್ನೆಲ್ಲ ಕಾಕಾನ ಮುಂದೆ ಹೇಳಿದರೆ ಅವರು ಕೇಳಿದ್ದು: "ಅಮೆರಿಕಾದವ್ರು ಹೊಗಿ ಬಿಟ್ರ ನಾ ಯಾಕ ಓಟ ಬದಲ ಮಾಡ್ಲಿ ತಮ್ಮಾ?" ನ್ಯಾಯವಾದ ಪ್ರಶ್ನೆ. ತಲೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಅಲ್ಲಿಯವರದು ಸುಮಾರು 14 ಟನ್ ಕಾರ್ಬನ್ ಡೈ ಆಕ್ಸೈಡ್, ನಮ್ಮದು ಸುಮಾರು 2. ನವಲಗುಂದದ ಒಣಬೇಸಾಯದ ರೈತನದು ಅದಕ್ಕೂ ಕಡಿಮೆಯೇ ಇದ್ದೀತು. ನಾನು ಹೇಳಿದೆ, ಹೊಗೆ ಯಾರದೇ ಇರಲಿ, ಬೆಳೆ ವಿಮೆ ನಿಮ್ಮದು ತಾನೇ?

ಅಲ್ಲಿಗೆ ಕಾಕಾ ನೆಟ್ಟಗೆ ಕೂತರು. ಫಸಲ್ ಬಿಮಾದಲ್ಲಿ ಇಳುವರಿ ನಷ್ಟಕ್ಕೆ ಪರಿಹಾರ ಕೊಡೋದು ಹೇಗೆ? ಗ್ರಾಮ ಪಂಚಾಯ್ತಿಯಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಈ ವರ್ಷದ ಇಳುವರಿ ತೆಗೆಯುತ್ತಾರೆ. ಅದನ್ನು ಹೋಲಿಸುವುದು ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿ ಹಿಡಿದು, ಅದರ ಇಷ್ಟು ಪಾಲು ಅಂತ ಕಟ್ಟಿದ ಗೆರೆಗೆ. ಅದಕ್ಕಿಂತ ಕೆಳಗೆ ಬಿದ್ದರೆ ಮಾತ್ರ ರೊಕ್ಕ. ಏಳರಲ್ಲಿ ಎರಡು ವರ್ಷ ಕೆಟ್ಟರೆ ತೊಂದರೆ ಇಲ್ಲ, ಆ ಎರಡನ್ನು ಬಿಟ್ಟೇ ಲೆಕ್ಕ. ಮೂರು ವರ್ಷ ಕೆಟ್ಟರೆ? ಒಂದು ಕೆಟ್ಟ ವರ್ಷ ಸರಾಸರಿಯೊಳಗೆ ನುಗ್ಗುತ್ತದೆ. ನಾಲ್ಕು ಕೆಟ್ಟರೆ ಎರಡು. ಹೀಗೆ ಬರ-ನೆರೆ ಹೆಚ್ಚಾದಷ್ಟೂ ಆ ಗೆರೆಯೇ ಕೆಳಗೆ ಇಳಿಯುತ್ತದೆ, ಅದೇ ಬೆಳೆನಷ್ಟಕ್ಕೆ ಸಿಗುವ ಪರಿಹಾರ ಕಡಿಮೆಯಾಗುತ್ತದೆ. ಹವಾಮಾನ ಮೊದಲಿನಂತೆಯೇ ಇರುತ್ತದೆ ಅಂದುಕೊಂಡು ಮಾಡಿದ ಲೆಕ್ಕ ಇದು.

"ಇದನ್ನ ಯಾರಿಗೆ ಕೇಳಬೇಕು?" ಅಂದರು ಕಾಕಾ. ಯೋಜನೆ ಕೇಂದ್ರದ್ದು, ಪ್ರೀಮಿಯಂನಲ್ಲಿ ರಾಜ್ಯದ ಪಾಲೂ ಇದೆ, ಹಾಗಾಗಿ ಇಬ್ಬರನ್ನೂ ಅಂದೆ. "ಹಂಗಾರ ಇಬ್ರೂ ಒಬ್ರ ಮ್ಯಾಲೊಬ್ರು ಹಾಕ್ತಾರ ಬಿಡು," ಅಂದು ಎದ್ದರು. ಆದರೆ ಮರುದಿನ ಫೋನ್ ಮಾಡಿ, ಆ ಏಳು ವರ್ಷದ ಇಳುವರಿ ಲೆಕ್ಕ ತಮ್ಮ ಪಂಚಾಯ್ತಿಯದು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ನೋಡಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಅಂದಿದ್ದೇನೆ.