ಮೂಳೆ ಮುರಿದಿಲ್ಲ ಎಂದರು

ಹಳೆಯ ವಿದ್ಯಾರ್ಥಿಗಳು ಸೇರಿದಾಗಲೆಲ್ಲ ಅವನ ಮಾತು ಬಂದೇ ಬರುತ್ತದೆ. ಮೊದಲು ಅವನ ಆಟದ ಹೊಗಳಿಕೆ, ಆಮೇಲೆ ಒಂದು ನಿಟ್ಟುಸಿರು, ಕೊನೆಗೆ ಯಾರಾದರೊಬ್ಬರ ತೀರ್ಪು: ‘ಪ್ರತಿಭೆ ಇತ್ತು, ಶಿಸ್ತು ಇರಲಿಲ್ಲ. ಕುಡಿದು ಹಾಳಾದ.’ ನಮ್ಮ ನಂತರ ಬಂದ ತಂಡಗಳ ಹುಡುಗರಿಗೂ ಈ ಕಥೆಯನ್ನು ಬುದ್ಧಿಮಾತಿನಂತೆ ಹೇಳುತ್ತಾ ಬಂದಿದ್ದಾರೆ. 1988ರಿಂದ 1991ರವರೆಗೆ ಅವನಿದ್ದ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದವನು ನಾನು. ಅವನು ಎದ್ದದ್ದನ್ನೂ ಬಿದ್ದದ್ದನ್ನೂ ಮೈದಾನದ ಒಳಗೆ ನಿಂತೇ ಕಂಡಿದ್ದೇನೆ. ಆ ತೀರ್ಪು ತಪ್ಪು. ಕುಡಿತ ಅಂಟಿದ್ದು ನಿಜ, ಆದರೆ ಅಂಟಿದ್ದು ಆಟ ಹೋದ ಮೇಲೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅದಲುಬದಲು ಮಾಡಿ ಮೂವತ್ತು ವರ್ಷಗಳಿಂದ ಅವನ ಬದುಕಿನ ಕಥೆ ಹೇಳುತ್ತಿದ್ದೇವೆ. ಅದನ್ನು ನಮ್ಮ ಕಾಲೇಜಿನ ಸಂಚಿಕೆಯಲ್ಲೇ ತಿದ್ದಬೇಕು ಎಂದು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವನ ಮಗಳು ಇದೇ ಬಳ್ಳಾರಿಯಲ್ಲಿ ಓದುತ್ತಿದ್ದಾಳೆ. ಹೆಸರು ಬೇಡವೆಂದು ಅವನೇ ಹೇಳಿದ. ನಾವೆಲ್ಲ ಅವನನ್ನು ‘ಎಡಚ’ ಎಂದು ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ.

ಎಡಚ ಕೌಲ್ ಬಜಾರಿನ ಹುಡುಗ. ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಊರು ನಮ್ಮದು. 1983ರ ವಿಶ್ವಕಪ್ ಗೆದ್ದ ಮೇಲೆ ಊರಿಗೆ ಊರೇ ಕ್ರಿಕೆಟ್ಟಿಗೆ ಮರುಳಾದಾಗಲೂ ಕಂಟೋನ್ಮೆಂಟ್ ಕಡೆಯ ಬಯಲುಗಳಲ್ಲಿ ಸಂಜೆಯಾದರೆ ಹುಡುಗರು ಚೆಂಡು ಒದೆಯುತ್ತಿದ್ದರು. ಆಟದ ಕೂಗಾಟದಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕೂ ಕೇಳಿಸುತ್ತಿದ್ದವು. ಗೆರೆಯ ಆಚೆ ಕುಳಿತ ಹಿರಿಯರು, ಬಹುಪಾಲು ಬರಿಗಾಲಿನಲ್ಲೇ ಆಡಿದ ಭಾರತ ತಂಡ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು 2–1ರಿಂದ ಸೋತದ್ದನ್ನು, ನಮ್ಮ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು ಎಂಬುದನ್ನು ನಿನ್ನೆ ನಡೆದದ್ದೆಂಬಂತೆ ಹೇಳುತ್ತಿದ್ದರು. ಎಡಚನೂ ಪಿಯುಸಿ ಮುಗಿಯುವವರೆಗೆ ಬರಿಗಾಲಿನಲ್ಲೇ ಆಡಿದವನು. ಅವನ ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ. ಅವ್ವ ಮನೆಯಲ್ಲೇ ಕುಳಿತು ರೆಡಿಮೇಡ್ ಬಟ್ಟೆಗಳಿಗೆ ಗುಂಡಿ ಹಚ್ಚುತ್ತಿದ್ದರು. ಚೆಂಡಿಗೆ ಜಾಲಿ ಮುಳ್ಳು ಚುಚ್ಚಿದರೆ ಬ್ಲಾಡರ್ ಹೊರತೆಗೆದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿ, ಮತ್ತೆ ಲೇಸು ಬಿಗಿದು ತರುವ ಕೆಲಸ ಚಿಕ್ಕಂದಿನಿಂದಲೂ ಅವನದೇ. ಮೊದಲ ಜೋಡಿ ಬೂಟು ಕೊಟ್ಟದ್ದು ನಮ್ಮ ಕಾಲೇಜು. ಅದು ಒಂದು ಅಳತೆ ದೊಡ್ಡದಿತ್ತು. ಮುಂದೆ ಬಟ್ಟೆ ತುರುಕಿಕೊಂಡು ಆಡಿದ.

ಅವನ ಆಟ ಹೇಗಿತ್ತು ಎಂದು ಈಗಿನ ಹುಡುಗರಿಗೆ ಹೇಳಲೇಬೇಕು, ಏಕೆಂದರೆ ವಿಡಿಯೊ ಒಂದೂ ಇಲ್ಲ. ಬಳ್ಳಾರಿಯ ಮೈದಾನಗಳಲ್ಲಿ ಹುಲ್ಲು ಇರಲಿಲ್ಲ. ಗಟ್ಟಿ ನೆಲದ ಮೇಲೆ ಚೆಂಡು ಎತ್ತ ಪುಟಿಯುತ್ತದೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ನಾವೆಲ್ಲ ಚೆಂಡು ಪುಟಿದ ಮೇಲೆ ಅದರ ಹಿಂದೆ ಓಡುತ್ತಿದ್ದೆವು. ಅವನು ಪುಟಿಯಲು ಬಿಡುತ್ತಲೇ ಇರಲಿಲ್ಲ. ತೊಡೆಯ ಮೇಲೋ ಪಾದದ ಒಳಬದಿಗೋ ತೆಗೆದುಕೊಂಡನೆಂದರೆ ಚೆಂಡು ಅಲ್ಲೇ ಸತ್ತು ಬೀಳುತ್ತಿತ್ತು. ಚೆಂಡು ಬರುವ ಮುನ್ನವೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತು ತಿರುಗಿಸಿ ಯಾರು ಎಲ್ಲಿದ್ದಾರೆ ಎಂದು ನೋಡಿಕೊಂಡಿರುತ್ತಿದ್ದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನಿಂದ ಇಡೀ ಮೈದಾನ ಕಾಣುವ ಜಾಗ ಗೋಲ್‌ಕೀಪರನದು. ಅವನ ಕತ್ತು ತಿರುಗಿದ ಕಡೆ ನೋಡಿ ಮುಂದಿನ ಪಾಸ್ ಎಲ್ಲಿಗೆ ಹೋಗುತ್ತದೆಂದು ನಾನು ಮೊದಲೇ ಹೇಳಬಲ್ಲವನಾಗಿದ್ದೆ, ಆದರೆ ಎದುರಾಳಿಯ ಡಿಫೆಂಡರನಿಗೆ ಅದು ತಿಳಿಯುತ್ತಿರಲಿಲ್ಲ. ಎಡಗಾಲಿನಿಂದ ಹೊಡೆಯುವಂತೆ ಮೈ ಬಾಗಿಸಿ, ಊರಿದ ಬಲಗಾಲಿನ ಮೇಲೆ ಗಿರಕ್ಕನೆ ತಿರುಗಿ ಒಳಗೆ ನುಗ್ಗುವುದು ಅವನ ಅಚ್ಚುಮೆಚ್ಚಿನ ವರಸೆ. ಎಲ್ಲ ಭಾರವೂ ಆ ಬಲ ಮೊಣಕಾಲಿನ ಮೇಲೆ.

1989ರಲ್ಲಿ ಅಂತರ ಕಾಲೇಜು ಪಂದ್ಯಗಳಿಗೆ ರಾಯಚೂರಿಗೆ ಹೋದೆವು. ನಮ್ಮ ಕಾಲೇಜುಗಳೆಲ್ಲ ಆಗ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಮೀಟರ್ ಗೇಜ್ ಗಾಡಿಯಲ್ಲಿ ಗುಂತಕಲ್ಲಿಗೆ ಹೋಗಿ, ಅಲ್ಲಿ ರೈಲು ಬದಲಿಸಿ, ಬೆಳಗಿನ ಜಾವ ರಾಯಚೂರು ತಲುಪಿ, ನಿದ್ದೆಗಣ್ಣಿನಲ್ಲೇ ಮೈದಾನಕ್ಕಿಳಿದೆವು. ಮೊದಲಾರ್ಧದಲ್ಲಿ ಒಂದು ಗೋಲು ಹಿಂದಿದ್ದೆವು. ವಿರಾಮದ ನಂತರ ನಾನು ದೂರಕ್ಕೆ ಒದ್ದ ಚೆಂಡನ್ನು ಅವನು ನಡುಗೆರೆಯ ಹತ್ತಿರ ಎದೆಯ ಮೇಲೆ ತೆಗೆದುಕೊಂಡ. ಇಬ್ಬರು ಮೇಲೆ ಬಿದ್ದರು. ಅವರ ನಡುವೆಯೇ ಹೊರಬಂದ. ಮೂರನೆಯವನು ಕಾಲು ಚಾಚಿದಾಗ ಚೆಂಡನ್ನು ಒಂದು ಬದಿಗೆ ತಳ್ಳಿ ತಾನು ಇನ್ನೊಂದು ಬದಿಯಿಂದ ಓಡಿದ. ಗೋಲ್‌ಕೀಪರ್ ಮುಂದೆ ಬಂದಿದ್ದ. ಬಲವಾಗಿ ಹೊಡೆಯುತ್ತಾನೆಂದು ಎಲ್ಲರೂ ಕಾದಿರುವಾಗ ಎಡಗಾಲಿನ ತುದಿಯಿಂದ ಅವನ ತಲೆಯ ಮೇಲೆ ಚೆಂಡನ್ನು ಎತ್ತಿಬಿಟ್ಟ. ಎದುರಾಳಿ ಕಾಲೇಜಿನ ಹುಡುಗರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಂತರ ಅವನೇ ಇನ್ನೊಂದು ಗೋಲು ಹೊಡೆದು ಪಂದ್ಯ ಗೆಲ್ಲಿಸಿದ, ಆದರೆ ಆ ಎರಡನೆಯದು ಯಾರಿಗೂ ನೆನಪಿಲ್ಲ.

ಅಲ್ಲಿಂದ ಒಂದು ವರ್ಷ ಊರು ಅವನದಾಗಿತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ. ರಾಯಲ್ ಸರ್ಕಲ್ ಹತ್ತಿರದ ಹೋಟೆಲಿನವರು ಒಗ್ಗರಣೆ-ಮಿರ್ಚಿಗೆ ಅವನಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಕಾಲೇಜು ಶುಲ್ಕ ಮಾಫಿ ಮಾಡಿತು. ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ವಲಯದ ಕಾರ್ಖಾನೆಗಳು ಫುಟ್‌ಬಾಲ್ ತಂಡಗಳನ್ನು ಕಟ್ಟಿ ಆಟಗಾರರಿಗೆ ನೌಕರಿ ಕೊಡುತ್ತಿದ್ದ ಕಾಲ ಅದು. ಬೆಂಗಳೂರಿನ ಒಂದು ತಂಡದವರು ಪದವಿ ಮುಗಿಯುತ್ತಿದ್ದಂತೆ ಆಯ್ಕೆ ಪರೀಕ್ಷೆಗೆ ಬಾ ಎಂದು ಹೇಳಿ ಕಳುಹಿಸಿದರು. ಹಮಾಲಿಯ ಮಗನಿಗೆ ಕಾರ್ಖಾನೆಯ ನೌಕರಿ! ಅವನ ಅವ್ವ ದುರ್ಗಮ್ಮನ ಗುಡಿಗೆ ಉಡಿ ತುಂಬಲು ಹೋದದ್ದು ನನಗೆ ಗೊತ್ತು. ಇಷ್ಟೆಲ್ಲ ಆದಾಗಲೂ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಮೊದಲು ಬರುತ್ತಿದ್ದವನು ಅವನೇ. ಶಿಸ್ತು ಇರಲಿಲ್ಲ ಎನ್ನುವವರು ಇದನ್ನು ಗಮನಿಸಲಿ.

1990ರ ಫೆಬ್ರವರಿಯಲ್ಲಿ ಊರಿನ ಒಂದು ಪಂದ್ಯಾವಳಿಯ ಫೈನಲ್. ಆ ಮೈದಾನ ಎರೆಮಣ್ಣಿನದು. ಮಳೆಗಾಲದಲ್ಲಿ ಅಂಟುವ ಆ ನೆಲ ಬಿಸಿಲು ಏರಿದಂತೆ ಬಾಯಿ ಬಿಡುತ್ತದೆ ಎಂಬುದು ಈ ಸೀಮೆಯವರಿಗೆಲ್ಲ ಗೊತ್ತು. ದ್ವಿತೀಯಾರ್ಧದಲ್ಲಿ ಎಡಚ ತನ್ನ ಎಂದಿನ ವರಸೆ ತೆಗೆದ. ಮೈ ತಿರುಗಿತು, ಬೂಟಿನ ಸ್ಟಡ್ ಬಿರುಕಿನಲ್ಲಿ ಸಿಕ್ಕು ಬಲ ಪಾದ ತಿರುಗಲಿಲ್ಲ. ಅವನ ಹತ್ತಿರ ಯಾರೂ ಇರಲಿಲ್ಲ. ಮುಟ್ಟಿದವರೇ ಇಲ್ಲದೆ ಬಿದ್ದವನನ್ನು ಕಂಡು ಕೆಲವರು ನಕ್ಕರು. ಒಳಗೆ ‘ಟಕ್’ ಎಂದಿತು ಎಂದು ಅವನು ಹೇಳಿದ. ಸಂಜೆಯ ಹೊತ್ತಿಗೆ ಮೊಣಕಾಲು ಬಾತು ಪ್ಯಾಂಟು ಏರದಂತಾಯಿತು.

ಎಕ್ಸ್-ರೇ ತೆಗೆಸಿದರು. ‘ಮೂಳೆ ಮುರಿದಿಲ್ಲ, ಏನೂ ಆಗಿಲ್ಲ’ ಎಂದರು. ಅವನ ಬದುಕನ್ನು ಮುರಿದದ್ದು ಆ ಒಂದು ಮಾತು. ಮನೆಯವರು ನಾಟಿ ವೈದ್ಯರಲ್ಲಿ ಮೂಳೆಗೆ ಹಾಕುವ ಪುತ್ತೂರು ಕಟ್ಟು ಕಟ್ಟಿಸಿಕೊಂಡು ಬಂದರು. ಕೆಲವು ವಾರಗಳಲ್ಲಿ ಬಾವು ಇಳಿಯಿತು, ನೆಟ್ಟಗೆ ನಡೆದ, ಸ್ವಲ್ಪ ಓಡಿದ. ಎಲ್ಲರಿಗೂ ಸಮಾಧಾನ.

ಅಂದು ಹರಿದದ್ದು ಎಸಿಎಲ್. ಮೊಣಕಾಲಿನ ಒಳಗೆ ಒಂದನ್ನೊಂದು ಅಡ್ಡಹಾಯ್ದ ಎರಡು ಗಟ್ಟಿ ಅಸ್ಥಿರಜ್ಜುಗಳಿವೆ, ಅವುಗಳಲ್ಲಿ ಮುಂದಿನದು. ತೊಡೆಯ ಮೂಳೆಯ ಕೆಳಗೆ ಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಗುವಾಗ ಕೀಲು ಸಡಿಲವಾಗದಂತೆ ಹಿಡಿದಿಡುವುದು ಅದೇ. ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಅಸ್ಥಿರಜ್ಜು ಕಾಣುವುದಿಲ್ಲ. ಅದು ಹರಿದವನು ನೆಟ್ಟಗೆ ನಡೆಯಬಲ್ಲ, ನೆಟ್ಟಗೆ ಓಡಲೂ ಬಲ್ಲ. ಗಕ್ಕನೆ ತಿರುಗಿದಾಗ ಮಾತ್ರ ಮೊಣಕಾಲು ಕೈಕೊಡುತ್ತದೆ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಕಾಲನ್ನು ತುಸು ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಮೊಣಕಾಲಿನ ಕೆಳಗಿನ ಭಾಗವನ್ನು ಮುಂದಕ್ಕೆಳೆದು ನೋಡುವ ಲಾಕ್‌ಮನ್ ಪರೀಕ್ಷೆಯನ್ನು 1976ರಲ್ಲೇ ವೈದ್ಯರು ವಿವರಿಸಿ ಬರೆದಿದ್ದರು. ಪಳಗಿದ ಕೈಗೆ ಒಂದೆರಡು ನಿಮಿಷದ ಕೆಲಸ. ಆ ಕೈ ನಮ್ಮ ಹುಡುಗನ ಮೊಣಕಾಲನ್ನು ಮುಟ್ಟಲಿಲ್ಲ.

ಆ ಜೂನ್ ತಿಂಗಳಲ್ಲಿ ಇಟಲಿಯ ವಿಶ್ವಕಪ್ಪನ್ನು ದೂರದರ್ಶನದಲ್ಲಿ ಅವನ ಓಣಿಯ ಒಂದು ಮನೆಯಲ್ಲಿ ಕಿಕ್ಕಿರಿದು ನೋಡಿದೆವು. ಮೊದಲ ಪಂದ್ಯದಲ್ಲೇ ಕ್ಯಾಮರೂನ್ ಮರಡೋನನ ಅರ್ಜೆಂಟೀನವನ್ನು ಸೋಲಿಸಿತು. ಕ್ರೇಪ್ ಬ್ಯಾಂಡೇಜ್ ಸುತ್ತಿದ ಕಾಲನ್ನು ಚಾಚಿ ಕುಳಿತಿದ್ದ ಎಡಚ ಕುಣಿಯಲಾರದೆ ನೆಲಕ್ಕೆ ಅಂಗೈ ಬಡಿದು ಕೂಗುತ್ತಿದ್ದ. ಆ ಸಲ ಇಂಗ್ಲೆಂಡಿನ ಪಾಲ್ ಗ್ಯಾಸ್ಕೊಯಿನ್ ಆಟ ಅವನಿಗೆ ಬಹಳ ಹಿಡಿಸಿತು. ಮರುವರ್ಷ, 1991ರ ಮೇ ತಿಂಗಳಲ್ಲಿ, ಎಫ್‌ಎ ಕಪ್ ಫೈನಲ್‌ನಲ್ಲಿ ಅದೇ ಗ್ಯಾಸ್ಕೊಯಿನ್‌ನ ಬಲ ಮೊಣಕಾಲಿನ ಇದೇ ಅಸ್ಥಿರಜ್ಜು ಹರಿಯಿತು. ಅವನಿಗೆ ಶಸ್ತ್ರಚಿಕಿತ್ಸೆಯಾಯಿತು, ಒಂದು ಇಡೀ ಋತು ಮೈದಾನದಿಂದ ಹೊರಗಿಟ್ಟು ಕಾದರು, 1992ರಲ್ಲಿ ಇಟಲಿಯ ಲಾಜಿಯೊ ತಂಡಕ್ಕೆ ಆಡಿದ. ನಮ್ಮವನಿಗೆ ಸಿಕ್ಕದ್ದು ಬ್ಯಾಂಡೇಜು.

ಮುಂದಿನ ಋತುವಿಗೆ ಅವನನ್ನು ಮತ್ತೆ ಕಣಕ್ಕಿಳಿಸಿದರು. ತಿರುಗಿದಾಗಲೆಲ್ಲ ಕುಸಿಯುತ್ತಿದ್ದ. ‘ಮೊಣಕಾಲು ನನ್ನ ಮಾತು ಕೇಳುತ್ತಿಲ್ಲ ಸಾರ್’ ಎಂದರೆ, ‘ಎಕ್ಸ್-ರೇಯಲ್ಲಿ ಏನೂ ಇಲ್ಲ, ನಿನ್ನ ಮನಸ್ಸಿನಲ್ಲಿದೆ’ ಎಂಬ ಉತ್ತರ. ಕೆಲವರು ನಾಟಕ ಎಂದರು. ದೊಡ್ಡ ಪಂದ್ಯಗಳಿಗೆ ಮುನ್ನ ನೋವು ತಿಳಿಯದಂತೆ ಇಂಜೆಕ್ಷನ್ ಕೊಡಿಸಿದರು. ನಮ್ಮ ತರಬೇತುದಾರರು ಕೆಟ್ಟವರಲ್ಲ. ತಮ್ಮ ಸಂಬಳದಲ್ಲೇ ನಮಗೆ ಬಾಳೆಹಣ್ಣು, ಗ್ಲೂಕೋಸ್ ತರಿಸುತ್ತಿದ್ದವರು. ಮೊಣಕಾಲಿನ ಒಳಗೆ ಏನಿದೆ ಎಂಬುದು ಅವರಿಗೂ ಯಾರೂ ಕಲಿಸಿರಲಿಲ್ಲ. ಸಡಿಲಗೊಂಡ ಕೀಲು ಪದೇ ಪದೇ ಜಾರಿದರೆ ನಡುವಿನ ಮೆನಿಸ್ಕಸ್ ಎಂಬ ಮೆದ್ದೆಲುಬು ಹರಿಯುತ್ತದೆ. ಹಾಗೆಯೇ ಆಯಿತು. 1990ರ ಡಿಸೆಂಬರಿನಲ್ಲಿ ಒಂದು ಪಂದ್ಯದ ನಡುವೆ ಕಾಲು ಮಡಿಸಿದಂತೆಯೇ ಸಿಕ್ಕಿಕೊಂಡಿತು, ಚಾಚಲು ಬರಲಿಲ್ಲ. ನಾಲ್ವರು ಹೊತ್ತು ತಂದೆವು.

ಉಳಿದದ್ದು ಬೇಗ ಬೇಗ ನಡೆದುಹೋಯಿತು. ಆಡದವನಿಗೆ ಶುಲ್ಕ ಮಾಫಿ ನಿಂತಿತು. ಪಂದ್ಯಗಳಿಗೆಂದು ತಪ್ಪಿದ ತರಗತಿಗಳ ಹಾಜರಾತಿ ಲೆಕ್ಕಕ್ಕೆ ಬರದೆ ವಾರ್ಷಿಕ ಪರೀಕ್ಷೆಗೆ ಕೂರಲಾಗಲಿಲ್ಲ. ಬೆಂಗಳೂರಿಗೆ ಆಯ್ಕೆಗೆ ಹೋಗಿ ಮೊದಲ ಅರ್ಧ ಗಂಟೆಯಲ್ಲೇ ಕುಸಿದ. ಕುಡಿತ ಶುರುವಾದದ್ದು ಅಲ್ಲಿಂದ ಬಂದ ಮೇಲೆ. ಜೀನ್ಸ್ ಹೊಲಿಯುವ ಘಟಕದಲ್ಲಿ ದುಡಿದ; ಗಣಿಗಾರಿಕೆಯ ಭರಾಟೆಯಲ್ಲಿ ಸಂಡೂರಿನ ಕಡೆ ಅದಿರು ಲಾರಿಗಳ ಲೆಕ್ಕ ಬರೆದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಆ ಕೆಲಸವೂ ಹೋಯಿತು. ಹೆಂಡತಿಯ ಹಟದಿಂದ ಕುಡಿತ ಬಿಟ್ಟು ವರ್ಷಗಳೇ ಆದವು. ಇದನ್ನು ಮಾತ್ರ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಈಗ ಮತ್ತೆ ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್. ದಿನವಿಡೀ ನಿಂತೇ ಮಾಡುವ ಕೆಲಸ.

ಕಳೆದ ವರ್ಷ ನೋವು ತಡೆಯಲಾರದೆ ಎಂಆರ್‌ಐ ಮಾಡಿಸಿದ. ವರದಿ ಹಿಡಿದುಕೊಂಡು ನೇರವಾಗಿ ನಮ್ಮ ಮನೆಗೆ ಬಂದ. ಎಸಿಎಲ್ ಬಹಳ ಹಿಂದೆಯೇ ಪೂರ್ತಿ ಹರಿದಿದೆ, ಮೆನಿಸ್ಕಸ್ ಉಳಿದಿಲ್ಲ, ಕೀಲು ಸವೆದಿದೆ ಎಂದು ಬರೆದಿತ್ತು. ಅವನಿಗೆ ಸವೆತದ ಚಿಂತೆಯೇ ಇರಲಿಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟು, ‘ನೋಡು, ನಾನು ನಾಟಕ ಮಾಡುತ್ತಿರಲಿಲ್ಲ’ ಎಂದ. ತರಬೇತುದಾರರು ತೀರಿಕೊಂಡು ವರ್ಷಗಳಾಗಿವೆ. ‘ಸಾರ್ ಇರಬೇಕಿತ್ತು, ಅವರಿಗೆ ತೋರಿಸಬೇಕಿತ್ತು’ ಎಂದು ಮತ್ತೆ ಮತ್ತೆ ಹೇಳಿದ.

ನಮ್ಮ ಊರಿನಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ, ತೋರಣಗಲ್ಲಿನ ಹತ್ತಿರದ ವಿಜಯನಗರದಲ್ಲಿ, 2018ರಿಂದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಗಾಯಗೊಂಡ ಕ್ರೀಡಾಪಟುಗಳನ್ನು ಮತ್ತೆ ಕಣಕ್ಕೆ ತರಲೆಂದೇ ಅಲ್ಲಿ ತಜ್ಞರಿದ್ದಾರೆ. 2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಕಾಲ ಬದಲಾಗಿದೆ, ಆದರೆ ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಈಗಲೂ ಇರುವುದು ಸ್ಪ್ರೇ ಡಬ್ಬಿ ಮತ್ತು ಬ್ಯಾಂಡೇಜು. ನಾನೇ ಹೋಗಿ ನೋಡಿ ಬಂದೆ. ಮೊಣಕಾಲು ಬಾತ ಹುಡುಗನನ್ನೋ ಹುಡುಗಿಯನ್ನೋ ಅದೇ ವಾರ ಮೂಳೆ ತಜ್ಞರಿಗೆ ತೋರಿಸುವ ಖರ್ಚನ್ನು ಹಳೆಯ ತಂಡದವರಾದ ನಾವು ಹೊರುತ್ತೇವೆ ಎಂದು ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇವೆ. ವೈದ್ಯರು ಒಪ್ಪುವವರೆಗೆ ಅವರನ್ನು ಆಡಿಸಬಾರದು ಎಂಬುದೊಂದೇ ನಮ್ಮ ಷರತ್ತು.

ಎಡಚನ ಮೊಣಕಾಲಿನ ಕೀಲು ಬದಲಿ ಶಸ್ತ್ರಚಿಕಿತ್ಸೆ ದೀಪಾವಳಿಯ ನಂತರ. ತಂಡದ ಬಹುತೇಕರು ಬರುತ್ತೇವೆ ಎಂದಿದ್ದಾರೆ. ಆ ಕಾಲದಲ್ಲಿ ಅವನ ಆಟ ಕಂಡವರು, ಅವನ ಬಗ್ಗೆ ಕೇಳಿದವರು ಯಾರೇ ಆಗಲಿ, ನೀವೂ ಬನ್ನಿ. ಮೊಣಕಾಲಿನ ಮಾತು ಎತ್ತಬೇಡಿ. ರಾಯಚೂರಿನ ಗೋಲಿನ ಬಗ್ಗೆ ಕೇಳಿ. ನಾನು ಇಲ್ಲಿ ಬರೆದದ್ದರಲ್ಲಿ ಅರ್ಧ ತಪ್ಪಿದೆ ಎಂದು ಹೇಳಿ, ಮೊದಲಿನಿಂದ ಶುರುಮಾಡುತ್ತಾನೆ.