ಬ್ರೆಸಾನ್ ವಾಯ್ಸ್ ಫ್ಲೂಟ್: ಕೆಲಸ ಎಲ್ಲಿಯವರೆಗೆ ಬಂದಿದೆ

ನಡುತುಂಡಿನ ಒಳಕೊರೆತ ಮುಗಿದಿದೆ. ತಲೆತುಂಡಿನಲ್ಲಿ ಗಾಳಿದಾರಿ ಕೆತ್ತುವ ಕೆಲಸ ಈಗ ನಡೆಯುತ್ತಿದೆ. ಈ ದಾಖಲೆಯನ್ನು ಮೊದಲ ಸಲ ಓದುತ್ತಿರುವವರಿಗೆ ಹೇಳಬೇಕೆಂದರೆ, ಪೀಟರ್ ಬ್ರೆಸಾನ್ ಲಂಡನ್ನಿನಲ್ಲಿ ಸುಮಾರು ಮುನ್ನೂರು ವರ್ಷಗಳ ಹಿಂದೆ ಮಾಡುತ್ತಿದ್ದಂಥ ವಾಯ್ಸ್ ಫ್ಲೂಟ್ ಒಂದರ ಪ್ರತಿಯನ್ನು ನಾನು ತಯಾರಿಸುತ್ತಿದ್ದೇನೆ. ಇದು ರೆಕಾರ್ಡರ್ ಎಂಬ ಪಾಶ್ಚಾತ್ಯ ಮರದ ಕೊಳಲಿನ ಕುಟುಂಬದ ವಾದ್ಯ. ಆಲ್ಟೊ ರೆಕಾರ್ಡರಿಗಿಂತ ಉದ್ದ, ಟೆನರಿಗಿಂತ ಗಿಡ್ಡ. ಅತಿ ಕೆಳಗಿನ ಸ್ವರ ಡಿ. ನಮ್ಮ ಕೊಳಲಿನಲ್ಲಿ ಉಸಿರನ್ನು ತುಟಿಯೇ ತೆಳುವಾಗಿಸಿ ಅಂಚಿಗೆ ತಾಕಿಸುತ್ತದೆ. ರೆಕಾರ್ಡರಿನಲ್ಲಿ ಆ ಕೆಲಸವನ್ನು ಮರದಲ್ಲಿ ಕೆತ್ತಿದ ಕಿರಿದಾದ ಗಾಳಿದಾರಿ ಮಾಡುತ್ತದೆ. ಹಾಗಾಗಿ ವಾದ್ಯದ ಕಂಠದಲ್ಲಿ ಬಹುಪಾಲನ್ನು ನುಡಿಸುವವನಿಗಿಂತ ಮೊದಲೇ ಮಾಡಿದವನು ತೀರ್ಮಾನಿಸಿಬಿಟ್ಟಿರುತ್ತಾನೆ.

ಬ್ರೆಸಾನ್ ಹುಟ್ಟಿದ್ದು ಫ್ರಾನ್ಸಿನ ಬೂರ್ಗ್-ಆಂ-ಬ್ರೆಸ್ ಊರಿನಲ್ಲಿ, 1663ರಲ್ಲಿ. ನಿಜವಾದ ಹೆಸರು ಪಿಯೇರ್ ಜೈಯಾರ್. ಹುಡುಗನಾಗಿದ್ದಾಗ ಅದೇ ಊರಿನಲ್ಲಿ ಮರ ಕಡೆಯುವವನೊಬ್ಬನ ಬಳಿ ಕೆಲಸ ಕಲಿತು, 1688ರಲ್ಲಿ ಲಂಡನ್ನಿಗೆ ಬಂದ. ತಾನು ಹುಟ್ಟಿದ ಸೀಮೆಯ ಹೆಸರನ್ನೇ ಅಲ್ಲಿ ತನ್ನ ಹೆಸರಾಗಿ ಮಾಡಿಕೊಂಡ. ಆದರೂ ವಾದ್ಯಗಳ ಮೇಲೆ ಒತ್ತಿದ ಮುದ್ರೆಯಲ್ಲಿ 'ಬ್ರೆಸಾನ್' ಎಂಬುದರ ಜೊತೆಗೆ ಪಿ ಮತ್ತು ಐ ಎಂಬ ಎರಡು ಅಕ್ಷರಗಳೂ ಒಂದು ಗುಲಾಬಿಯೂ ಇವೆ. ಆಗ ಜೆ ಬದಲು ಐ ಬರೆಯುತ್ತಿದ್ದರಿಂದ ಪಿಯೇರ್ ಜೈಯಾರ್ ಆ ಎರಡು ಅಕ್ಷರಗಳಲ್ಲಿ ಉಳಿದುಕೊಂಡಿದ್ದಾನೆ. ಆ ಕಾಲದ ಬೇರೆ ವಾದ್ಯ ತಯಾರಕರಾದ ನ್ಯೂರೆಂಬರ್ಗಿನ ಡೆನ್ನರ್ ಮನೆತನ, ಲಂಡನ್ನಿನ ಸ್ಟೇನ್ಸ್‌ಬಿ ತಂದೆ ಮಗ, ಆಮ್‌ಸ್ಟರ್‌ಡ್ಯಾಮಿನ ಹಾಕಾ, ಸ್ಟೇನ್‌ಬರ್ಗನ್ ಎಲ್ಲರ ಕೆಲಸವೂ ನನಗೆ ಪ್ರಿಯವೇ. ಆದರೆ ತಗ್ಗಿನ ಸ್ವರಗಳ ತುಂಬುತನದಲ್ಲಿ ಬ್ರೆಸಾನನಿಗೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಚೆಸ್ಟರ್ ನಗರದ ಗ್ರೋವ್ನರ್ ಮ್ಯೂಸಿಯಮ್ಮಿನಲ್ಲಿ ಅವನ ನಾಲ್ಕು ರೆಕಾರ್ಡರುಗಳು ಒಟ್ಟಿಗೆ ಉಳಿದಿವೆ: ಆಲ್ಟೊ, ವಾಯ್ಸ್ ಫ್ಲೂಟ್, ಟೆನರ್, ಬಾಸ್. ಒಬ್ಬನೇ ಕುಶಲಕರ್ಮಿಯ ಕೈಯಿಂದ ಬಂದ ನಾಲ್ಕು ಗಾತ್ರಗಳು ಹೀಗೆ ಜೊತೆಯಾಗಿ ಸಿಗುವುದು ಬಹಳ ಅಪರೂಪ. ಅಳತೆ ಮತ್ತು ಗಾತ್ರಗಳ ನಡುವೆ ಅವನು ಇಟ್ಟುಕೊಂಡಿದ್ದ ಹೊಂದಾಣಿಕೆ ಕಣ್ಣಿಗೆ ಬೀಳುವುದು ಅವನ್ನು ಸಾಲಾಗಿ ನೋಡಿದಾಗಲೇ.

ಈಗ ನನ್ನ ಮೇಜಿನ ಮೇಲಿರುವ ಪ್ರಶ್ನೆಗೆ ಬರುತ್ತೇನೆ. ಮೂಲ ವಾದ್ಯವನ್ನು ಅಳೆದು ಬರೆದ ನಕ್ಷೆಯಲ್ಲಿ ಒಳಗೊಳವೆಯ ಅಡ್ಡಳತೆಯನ್ನು ಪ್ರತಿ ಹಂತದಲ್ಲೂ ಎರಡೆರಡು ಸಲ ಬರೆದಿದ್ದಾರೆ, ಮೊದಲು ಒಂದು ದಿಕ್ಕಿನಲ್ಲಿ, ಆಮೇಲೆ ಅದಕ್ಕೆ ಅಡ್ಡಲಾಗಿ. ಎರಡೂ ಒಂದೇ ಅಲ್ಲ. ಬಾಕ್ಸ್‌ವುಡ್ ಗಟ್ಟಿ ಮರವಾದರೂ ಒಣಗುತ್ತ ಹೋದಂತೆ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿನಲ್ಲಿ ಒಂದೇ ಸಮನಾಗಿ ಅಲ್ಲ. ಬೆಳವಣಿಗೆಯ ಬಳೆಗಳ ಗುಂಟ ಹೆಚ್ಚು, ಬಳೆಗಳನ್ನು ದಾಟುವ ದಿಕ್ಕಿನಲ್ಲಿ ಕಡಿಮೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಅಲ್ಪ. ದುಂಡಗೆ ಕೊರೆದ ಕೊಳವೆ ಹೀಗೆ ಕಾಲಕ್ರಮದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನಕ್ಷೆಯಲ್ಲಿ ಇರುವುದು ಇವತ್ತಿನ ಮರ. ನನಗೆ ಬೇಕಿರುವುದು ಬ್ರೆಸಾನ್ ಕೊರೆದ ಕೊಳವೆ. ಅದಕ್ಕಾಗಿ ಎರಡು ಅಳತೆಗಳಲ್ಲಿ ದೊಡ್ಡದನ್ನೇ ಆಧಾರವಾಗಿಟ್ಟುಕೊಂಡು, ಅದಕ್ಕೂ ಕೂದಲೆಳೆಯಷ್ಟು ಸೇರಿಸಿ, ಕೊಳವೆಯನ್ನು ಒಳಗಿನಿಂದ ಕೆರೆದು ಅಳತೆಗೆ ತರುವ ರೀಮರ್ ಎಂಬ ಹತಾರ ಮಾಡಿಕೊಂಡೆ. ಸರಾಸರಿ ತೆಗೆದುಕೊಳ್ಳುವುದು ಸುಲಭ, ಆದರೆ ಸರಾಸರಿಯೆಂಬುದು ಯಾವ ಕಾಲದ ವಾದ್ಯವೂ ಅಲ್ಲ.

ಈ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟ ದಾಖಲೆಯೊಂದಿದೆ. 1690ರ ದಶಕದಲ್ಲಿ ಕೇಂಬ್ರಿಜ್‌ನ ಹೀಬ್ರೂ ಪ್ರಾಧ್ಯಾಪಕ ಜೇಮ್ಸ್ ಟಾಲ್ಬಟ್ ಎಂಬಾತ ತನ್ನ ಕಾಲದ ವಾದ್ಯಗಳನ್ನು ಅಳೆದು ಬರೆದಿಟ್ಟ. ಆ ಹಸ್ತಪ್ರತಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿದೆ, ಅದರಲ್ಲಿ ಬ್ರೆಸಾನನ ಹೆಸರೂ ಇದೆ. ಮಾಡಿದವನು ಬದುಕಿರುವಾಗಲೇ, ಮರ ಇನ್ನೂ ಮುದುಡುವ ಮುನ್ನ ತೆಗೆದ ಅಳತೆಗಳು! ಅವು ಇಂಚಿನ ಲೆಕ್ಕದವು, ಮಿಲಿಮೀಟರಿನ ಹತ್ತನೆಯ ಭಾಗಕ್ಕೆ ಇಳಿಯುವುದಿಲ್ಲ. ಆದರೂ ಒಬ್ಬ ಪಂಡಿತ ಅಂಗಡಿಯವನ ಕೆಲಸವನ್ನು ಅಷ್ಟು ಗೌರವದಿಂದ ಅಳೆದು ಬರೆದನಲ್ಲ ಎಂದು ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಹೊರಮೈಯ ಉಬ್ಬು ತಗ್ಗುಗಳನ್ನು ಲೇತ್ ಮೇಲೆ ಕಡೆದದ್ದಾಯಿತು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಹೇಳಬೇಕಾದದ್ದು ಗಾಳಿದಾರಿಯ ಕುರಿತು.

ಹಳೆಯ ರೆಕಾರ್ಡರಿನಲ್ಲಿ ಒಳಗೊಳವೆಯನ್ನು ಬಹುಮಟ್ಟಿಗೆ ನಂಬಬಹುದು. ಬಾಯಿಯನ್ನು ಅಷ್ಟಾಗಿ ನಂಬಲಾಗದು. ಗಾಳಿದಾರಿಯ ತಳವಾಗಿ ಕೂರುವ ಸೀಡರ್ ಮರದ ಬಿರಡೆ ಉಸಿರಿನ ತೇವ ಕುಡಿದು ಉಬ್ಬುತ್ತದೆ, ಒಣಗಿದಾಗ ಇಳಿಯುತ್ತದೆ. ಎಷ್ಟೋ ವಾದ್ಯಗಳಲ್ಲಿ ಮೂಲ ಬಿರಡೆ ಹೋಗಿ ಬೇರೆಯವರು ಮಾಡಿದ್ದು ಬಂದು ಕೂತಿದೆ. ಗಾಳಿ ತಾಕುವ ಅಂಚನ್ನು ರಿಪೇರಿಯವರು ಕೆರೆದಿರುತ್ತಾರೆ. ಹಾಗಾಗಿ ಇಲ್ಲಿ ನಕ್ಷೆಯನ್ನು ಪಕ್ಕಕ್ಕಿಟ್ಟು ಕಿವಿಯನ್ನು ನೆಚ್ಚಿದ್ದೇನೆ. ಗಾಳಿದಾರಿಯ ಎತ್ತರ ಹೊರಬಾಯಿಯ ಬಳಿ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿದೆ. ಮೇಲ್ಚಾವಣಿ ಚಪ್ಪಟೆಯಲ್ಲ, ತುಸು ಕಮಾನಾಗಿದೆ. ಬಿರಡೆಯ ಮೇಲ್ಮೈಗೂ ಅದೇ ಬಾಗು ಬರಬೇಕು. ಕಿರಿದಾದ ಉಳಿಯಿಂದ ಒಂದೆಳೆ ಕೆರೆಯುವುದು, ಬಿರಡೆ ಕೂರಿಸುವುದು, ಊದುವುದು, ಮತ್ತೆ ತೆಗೆಯುವುದು. ಗಾಳಿ ಹೊರಬರುವ ಕಡೆಯ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಸ್ವಲ್ಪ ಓರೆಯಾಗಿ ಕತ್ತರಿಸಿದೊಡನೆ ದನಿಯಲ್ಲಿದ್ದ ಸಿಳ್ಳಿನಂಥ ಸದ್ದು ಕಳೆದು ಸ್ವರ ಹಿಡಿತಕ್ಕೆ ಬಂತು. ಆ ಓರೆ ಎಷ್ಟು ಸಣ್ಣದೆಂದರೆ ಬೆಳಕಿಗೆ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಮಾತ್ರ ಕಾಣುತ್ತದೆ.

ಬ್ರೆಸಾನನ ಮತ್ತೊಂದು ಆಲ್ಟೊದ ಕಥೆ ಇಲ್ಲಿ ಹೇಳಲೇಬೇಕು. ಹಳೆಯ ವಾದ್ಯಗಳನ್ನು ಮತ್ತೆ ಬಳಕೆಗೆ ತರಲು ದುಡಿದ ಆರ್ನಾಲ್ಡ್ ಡಾಲ್ಮೆಚ್ ಅದನ್ನು 1905ರಲ್ಲಿ ಲಂಡನ್ನಿನ ಹರಾಜಿನಲ್ಲಿ ಎರಡು ಪೌಂಡಿಗೆ ಕೊಂಡಿದ್ದರು. 1919ರಲ್ಲಿ ಅವರ ಚಿಕ್ಕ ಮಗ ಕಾರ್ಲ್ ಅದಿದ್ದ ಚೀಲವನ್ನು ವಾಟರ್‌ಲೂ ರೈಲು ನಿಲ್ದಾಣದಲ್ಲಿ ಬಿಟ್ಟುಬಂದ. ಕಳೆದುಹೋದ ವಾದ್ಯದ ಜಾಗ ತುಂಬಲು ಡಾಲ್ಮೆಚ್ ಹೊಸದನ್ನು ತಾವೇ ಮಾಡಿದರು. ಇಪ್ಪತ್ತನೆಯ ಶತಮಾನದಲ್ಲಿ ರೆಕಾರ್ಡರ್ ಮರಳಿ ಚಿಗುರಿದ್ದು ಬಹುಪಾಲು ಅಲ್ಲಿಂದಲೇ. ಕಳೆದದ್ದು ಆಮೇಲೆ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಹಳೆಯ ವಾದ್ಯಗಳನ್ನು ನಿಖರವಾಗಿ ಅಳೆದು ನಕ್ಷೆ ಬರೆಯುವ ಪರಿಪಾಠ ಬಲವಾದದ್ದು ಮುಂದೆ, ಆಸ್ಟ್ರೇಲಿಯಾದ ರೆಕಾರ್ಡರ್ ತಯಾರಕ ಫ್ರೆಡ್ ಮಾರ್ಗನ್ ಅಂಥವರಿಂದ. ಡಚ್ ರೆಕಾರ್ಡರ್ ವಾದಕ ಫ್ರಾನ್ಸ್ ಬ್ರುಗೆನ್ ಅವರ ಸಂಗ್ರಹದ ವಾದ್ಯಗಳಿಗೆ ಮಾರ್ಗನ್ ಬರೆದ ನಕ್ಷೆಗಳು 1981ರಲ್ಲಿ ಜಪಾನಿನಲ್ಲಿ ಅಚ್ಚಾದವು. ನನ್ನಂಥ ಹವ್ಯಾಸಿಗಳು ಕೆಲಸಕ್ಕೆ ಇಳಿಯಲು ಸಾಧ್ಯವಾಗಿರುವುದು ಅವರ ತಾಳ್ಮೆಯಿಂದ.

ಶ್ರುತಿಯ ಬಗ್ಗೆ ಕೆಲವರು ಕೇಳಿದ್ದಾರೆ. ಬ್ರೆಸಾನನ ವಾದ್ಯಗಳಲ್ಲಿ ಎ ಸ್ವರ ಸಾಮಾನ್ಯವಾಗಿ 415 ಹರ್ಟ್ಜ್‌ಗಿಂತ (ಸೆಕೆಂಡಿಗೆ ಅಷ್ಟು ಕಂಪನ) ತುಸು ಕೆಳಗೆ ನಿಲ್ಲುತ್ತದೆ. 415 ನಮ್ಮ ಕಾಲದವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ಅದಕ್ಕೆ ಹೊಂದಿಸಲು ಉದ್ದ ತಗ್ಗಿಸಿದರೆ ಕೊಳವೆಯ ಇಳಿಜಾರನ್ನೂ ರಂಧ್ರಗಳ ಜಾಗವನ್ನೂ ಬದಲಿಸಬೇಕು. ಆಗ ಅದು ಬ್ರೆಸಾನನಿಂದ ಒಂದು ಹೆಜ್ಜೆ ದೂರವಾಗುತ್ತದೆ. ನಾನು ಮೂಲ ಶ್ರುತಿಯಲ್ಲೇ ಉಳಿಯುತ್ತೇನೆ, ಬೇರೆಯವರ ಜೊತೆ ನುಡಿಸಲು ತೊಡಕಾದರೂ ಸರಿ.

ಇನ್ನು ಬೆರಳಿನ ರಂಧ್ರಗಳು. ಮೊದಲು ಬೇಕಾದದ್ದಕ್ಕಿಂತ ಚಿಕ್ಕದಾಗಿ ಕೊರೆದು, ಒಳಗಿನಿಂದ ಓರೆಯಾಗಿ ಹಿಗ್ಗಿಸುತ್ತ ಒಂದೊಂದೇ ಸ್ವರವನ್ನು ಸರಿಪಡಿಸಬೇಕು. ಕೆಳಗಿನ ಡಿ ಮತ್ತು ಅದರ ಎರಡನೆಯ ಸ್ಥಾಯಿ ಮೊದಲು ಒಂದಕ್ಕೊಂದು ಹೊಂದಬೇಕು, ಉಳಿದದ್ದು ಆಮೇಲೆ. ಆದರೆ ಅದಕ್ಕೂ ಮುಂಚೆ ತಲೆತುಂಡನ್ನು ದಿನಕ್ಕೆ ಕೆಲವೇ ನಿಮಿಷ ಊದಿ, ಬಿರಡೆ ತೇವಕ್ಕೆ ಒಗ್ಗಿಕೊಳ್ಳಲು ಬಿಡುತ್ತಿದ್ದೇನೆ. ಅದು ಉಬ್ಬಿ ನಿಂತ ಮೇಲೆ ಗಾಳಿದಾರಿಯನ್ನು ಇನ್ನೊಮ್ಮೆ ಕೆರೆದು, ಆಮೇಲೆ ಡ್ರಿಲ್ ಕೈಗೆತ್ತಿಕೊಳ್ಳುತ್ತೇನೆ.