ಮನೆ ಕಂಪ್ಯೂಟರಿನಲ್ಲಿ ಗಿಟಾರ್ ರೆಕಾರ್ಡಿಂಗ್: ಮೊದಲು ಆ ಗುಂಯ್ ಸಪ್ಪಳ ಹೋಗಲಿ

ಪೇಟಿ (ಹಾರ್ಮೋನಿಯಂ), ತಬಲಾ, ತಂಬೂರಿಯ ಧ್ವನಿ ತುಂಬಿದ ಧಾರವಾಡದ ಓಣಿಗಳಲ್ಲಿ ಈಗ ಗಿಟಾರೂ ಕೇಳಿಸುತ್ತದೆ. ಬಾರಿಸಲು ಕಲಿತವರು ಒಂದು ದಿನ ಅದನ್ನು ಕಂಪ್ಯೂಟರಿನಲ್ಲಿ ಹಿಡಿಯಲು ಕೂರುತ್ತಾರೆ. ಧ್ವನಿ ಒಮ್ಮೆ ಕಂಬಳಿ ಹೊದ್ದಂತೆ ಮಂಕು, ಇನ್ನೊಮ್ಮೆ ತಗಡು ಬಡಿದಂತೆ. ಹಿಂದೆ ಗುಂಯ್ ಅನ್ನುವ ಸಪ್ಪಳ. ತಂತಿ ಮೀಟಿದ ಮೇಲೆ ಸ್ವರ ಕಿವಿಗೆ ಬರುವುದು ತಡವಾಗಿ. ಆಗ ಹೆಚ್ಚಿನವರು ಸಾಫ್ಟ್‌ವೇರ್ ಬದಲಿಸುತ್ತಾರೆ. ಆದರೆ ತಪ್ಪು ಇರುವುದು ಬಹಳ ಸಲ ಹೊರಗೆ: ಕೇಬಲ್ ಸಿಕ್ಕಿಸಿದ ತೂತಿನಲ್ಲಿ, ಗೋಡೆಯ ಪ್ಲಗ್ಗಿನಲ್ಲಿ, ಕೋಣೆಯಲ್ಲಿ. ಅನ್ನದೊಳಗಿನ ಹರಳನ್ನು ಆರಿಸಿ ತೆಗೆಯಬಹುದು, ಸಾರಿಗೆ ಹೆಚ್ಚಾದ ಉಪ್ಪನ್ನು ತೆಗೆಯಲಾಗದು. ರೆಕಾರ್ಡಿಂಗಿನೊಳಗೆ ಬೆರೆತ ಸಪ್ಪಳ ಆ ಉಪ್ಪಿನಂಥದು.

ಮೊದಲು ಆ ತೂತಿನ ವಿಚಾರ. ಲ್ಯಾಪ್‌ಟಾಪಿನ ಬದಿಯ 3.5 ಮಿ.ಮೀ. ಜ್ಯಾಕು ಇರುವುದು ಹೆಡ್‌ಸೆಟ್ ಮೈಕಿಗಾಗಿ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತಕ್ಕೆ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ, ಅದರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಹೆಚ್ಚು. ಅದನ್ನು ಕೆಲವೇ ಸಾವಿರ ಓಮ್‌ನ ಮೈಕ್ ಇನ್‌ಪುಟ್ಟಿಗೆ ಕೊಟ್ಟರೆ ಪಿಕಪ್ಪಿಗೆ ಭಾರವಾಗಿ ಧ್ವನಿಯ ಹೊಳಪೆಲ್ಲ ಸಾಯುತ್ತದೆ. ಗಿಟಾರಿಗೆ ಬೇಕಾದದ್ದು ಸುಮಾರು 10 ಲಕ್ಷ ಓಮ್, ಅಂದರೆ 1 ಮೆಗಾಓಮ್‌ನ ಇನ್‌ಪುಟ್. ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಡಬ್ಬಿ ಬೇಕಾಗುವುದು ಇದಕ್ಕೇ. ಅದರ ಮೇಲೆ ‘ಇನ್‌ಸ್ಟ್’ ಅಥವಾ ‘ಹೈ-ಝಡ್’ ಎಂದು ಬರೆದಿರುತ್ತದೆ, ಕೆಲವದರಲ್ಲಿ ಗಿಟಾರಿನ ಚಿತ್ರ ಇರುತ್ತದೆ. ಗುಂಡಿ ಇದ್ದರೆ ಅದನ್ನು ಒತ್ತಿರಲೇಬೇಕು. ಡಬ್ಬಿ ಕೊಂಡು ತಂದೂ ಈ ಗುಂಡಿ ಒತ್ತದೆ ‘ಧ್ವನಿ ಮಂಕು’ ಎನ್ನುವವರು ಬಹಳ.

ಒಬ್ಬರೇ ಬಾರಿಸುವುದಾದರೆ ಒಂದು ಗಿಟಾರ್, ಒಂದು ಮೈಕು ಸೇರುವ ಡಬ್ಬಿ ಸಾಕು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಈ ಜಾತಿಯದು. ಅದಕ್ಕಿಂತ ಅಗ್ಗದ ಬೆಹ್ರಿಂಜರ್ ಯುಎಂ2 ಕೂಡ ಕಲಿಯಲು ನಡೆಯುತ್ತದೆ, ಆದರೆ ಅದು 16 ಬಿಟ್‌ನದು (ಬಿಟ್ ಅಂದರೆ ಧ್ವನಿಯ ಏರಿಳಿತವನ್ನು ಎಷ್ಟು ನುಣ್ಣಗೆ ಅಳೆಯುತ್ತದೆಂಬ ಲೆಕ್ಕ). ಕೈಗೆಟುಕಿದರೆ 24 ಬಿಟ್‌ನದನ್ನೇ ಕೊಳ್ಳಿರಿ, ಕಾರಣ ಮುಂದೆ ಬರುತ್ತದೆ. ಕೇಬಲ್ಲು 3 ಮೀಟರ್ ಸಾಕು. ಗಿಟಾರ್ ಕೇಬಲ್ ಉದ್ದವಾದಷ್ಟೂ ಮೇಲಿನ ಧ್ವನಿ ಸೋರುತ್ತದೆ. ಹೆಡ್‌ಫೋನು ಕಿವಿ ಪೂರ್ತಿ ಮುಚ್ಚುವ, ವೈರ್ ಇರುವಂಥದ್ದು ಬೇಕು. ಬ್ಲೂಟೂತ್ ಬೇಡವೇ ಬೇಡ. ಅದರಲ್ಲಿ ಧ್ವನಿ ಎಷ್ಟು ತಡವಾಗುತ್ತದೆಂದರೆ ತಾಳ ಹಿಡಿಯಲು ಆಗುವುದಿಲ್ಲ.

ತಡದ ಮಾತು ಬಂತು, ಅದನ್ನೇ ನೋಡೋಣ. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ಅಲ್ಲ, ಬೊಗಸೆ ಬೊಗಸೆಯಾಗಿ ತೆಗೆದುಕೊಳ್ಳುತ್ತದೆ. ಆ ಬೊಗಸೆಯೇ ಬಫರ್. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಅಳತೆ) 128 ಸ್ಯಾಂಪಲ್ಲಿನ ಬಫರ್ ಅಂದರೆ ಸುಮಾರು 2.7 ಮಿಲಿಸೆಕೆಂಡ್, 256 ಅಂದರೆ 5.3, 1024 ಅಂದರೆ 21. ಇದು ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ ಕೂಡುತ್ತದೆ, ಮೇಲೆ ಡಬ್ಬಿಯದೇ ಸ್ವಲ್ಪ. ಗಾಳಿಯಲ್ಲಿ ಧ್ವನಿ 1 ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹಾಗಾಗಿ ಒಟ್ಟು 10 ಮಿಲಿಸೆಕೆಂಡ್ ಅಂದರೆ ಆಂಪ್ಲಿಫೈಯರಿನಿಂದ ಸುಮಾರು ಮೂರೂವರೆ ಮೀಟರ್ ದೂರ ನಿಂತು ಬಾರಿಸಿದಂತೆ, ಬೆರಳಿಗೆ ತೊಂದರೆ ಇಲ್ಲ. 40 ಆದರೆ ಕೈ ತಡವರಿಸುತ್ತದೆ. ರೆಕಾರ್ಡ್ ಮಾಡುವಾಗ 128 ಇಡಿರಿ, ಪಟಪಟ ಸಿಡಿದರೆ 256ಕ್ಕೆ ಏರಿಸಿರಿ. ರೆಕಾರ್ಡಿಂಗ್ ಮುಗಿದು ಮಿಕ್ಸ್ ಮಾಡುವಾಗ 1024 ಇದ್ದರೂ ನಡೆಯುತ್ತದೆ.

ವಿಂಡೋಸ್‌ನಲ್ಲಿ ಇದೆಲ್ಲ ಸರಿಯಾಗಿ ನಡೆಯಬೇಕಾದರೆ ಎಎಸ್ಐಒ ಡ್ರೈವರ್ (ಧ್ವನಿಯನ್ನು ಹೆಚ್ಚು ತಡವಿಲ್ಲದೆ ಸಾಗಿಸುವ ಸಾಫ್ಟ್‌ವೇರ್) ಬೇಕು. ಡಬ್ಬಿಯ ಕಂಪನಿಯೇ ಕೊಟ್ಟದ್ದಿದ್ದರೆ ಅದನ್ನೇ ಹಾಕಿರಿ. ಇಲ್ಲದಿದ್ದರೆ ಎಎಸ್ಐಒ4ಆಲ್ ಎಂಬ ಉಚಿತ ಡ್ರೈವರ್ ಇದೆ. ಮ್ಯಾಕ್‌ನಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ ಗರಾಜ್‌ಬ್ಯಾಂಡ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಕೂಡ ಉಚಿತ. ವಿಂಡೋಸ್‌ನವರಿಗೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳ್ಳೆಯದು: 60 ದಿನ ಏನೂ ಕಡಿತವಿಲ್ಲದೆ ಬಳಸಿ ನೋಡಬಹುದು, ಹಳೆಯ ಲ್ಯಾಪ್‌ಟಾಪಿಗೂ ಹಗುರ.

ರೀಪರ್ ತೆರೆದು ಆಪ್ಷನ್ಸ್‌ನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಆಡಿಯೋ, ಅದರಡಿ ಡಿವೈಸ್. ಅಲ್ಲಿ ಎಎಸ್ಐಒ ಆರಿಸಿ, ನಿಮ್ಮ ಡಬ್ಬಿಯ ಹೆಸರು ಆರಿಸಿ, ಸ್ಯಾಂಪಲ್ ರೇಟ್ 48000 ಇಡಿರಿ. ಏನೂ ರೆಕಾರ್ಡ್ ಮಾಡುವ ಮುಂಚೆ ಪ್ರಾಜೆಕ್ಟಿಗೊಂದು ಹೆಸರು ಕೊಟ್ಟು ಬೇರೆ ಫೋಲ್ಡರಿನಲ್ಲಿ ಸೇವ್ ಮಾಡಿರಿ. ಇಲ್ಲದಿದ್ದರೆ ಎಲ್ಲ ಹಾಡಿನ ತುಣುಕುಗಳೂ ಒಂದೇ ಫೋಲ್ಡರಿನಲ್ಲಿ ಕಲಸಿಹೋಗುತ್ತವೆ. ಕಂಟ್ರೋಲ್-ಟಿ ಒತ್ತಿದರೆ ಹೊಸ ಟ್ರ್ಯಾಕು. ಅದರ ಕೆಂಪು ಗುಂಡಿ ಒತ್ತಿ, ಇನ್‌ಪುಟ್ಟನ್ನು ‘ಮೋನೋ’ ಮಾಡಿ ಗಿಟಾರ್ ಸಿಕ್ಕಿಸಿದ ನಂಬರು ಆರಿಸಿರಿ. ಸ್ಟೀರಿಯೋ ಇಟ್ಟರೆ ಗಿಟಾರು ಒಂದೇ ಕಿವಿಯಲ್ಲಿ ಕೇಳಿಸುತ್ತದೆ. ಕಂಟ್ರೋಲ್-ಆರ್ ಒತ್ತಿದರೆ ರೆಕಾರ್ಡಿಂಗ್ ಶುರು, ಸ್ಪೇಸ್ ಒತ್ತಿದರೆ ನಿಲುಗಡೆ. ಧ್ವನಿ ಎರಡೆರಡು ಸಲ ಕೇಳಿಸಿದರೆ ಡಬ್ಬಿಯ ‘ಡೈರೆಕ್ಟ್ ಮಾನಿಟರ್’, ರೀಪರಿನ ಮಾನಿಟರ್ ಎರಡೂ ಚಾಲೂ ಇವೆ ಎಂದರ್ಥ. ಒಂದನ್ನು ಬಂದ್ ಮಾಡಿರಿ.

ಈಗ ಲೆವೆಲ್. ಡಬ್ಬಿಯ ಗೇನ್ ಗುಂಡಿಯನ್ನು (ಒಳಬರುವ ಧ್ವನಿಯನ್ನು ಏರಿಸುವಂಥದ್ದು) ಪೂರ್ತಿ ಇಳಿಸಿರಿ, ಗಿಟಾರಿನ ವಾಲ್ಯೂಮ್ ಪೂರ್ತಿ ಏರಿಸಿರಿ. ಹಾಡಿನಲ್ಲಿ ಎಲ್ಲಕ್ಕಿಂತ ಜೋರಾಗಿ ಬಾರಿಸುವ ಭಾಗ ಯಾವುದೋ ಅದನ್ನೇ ಬಾರಿಸುತ್ತ ಗೇನ್ ಸಾವಕಾಶ ಏರಿಸಿರಿ. ಮೀಟರಿನ ತುದಿ -10 ಡಿಬಿ ಮುಟ್ಟಿದಾಗ ನಿಲ್ಲಿಸಿ, ಅಲ್ಲಿಂದ ಒಂದು ಕೂದಲಷ್ಟು ಹಿಂದಕ್ಕೆ ತಿರುಗಿಸಿ -12ಕ್ಕೆ ತನ್ನಿರಿ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದ ಮೇಲೆ ಎಲ್ಲರೂ ಪರೀಕ್ಷೆಯ ಹೊತ್ತಿಗಿಂತ ಜೋರಾಗಿ ಬಾರಿಸುತ್ತಾರೆ, ಆ 12 ಡಿಬಿ ಅದಕ್ಕಾಗಿ ಬಿಟ್ಟ ಜಾಗ. 0 ದಾಟಿತೋ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ, ಮತ್ತೆ ಕೂಡಿಸಲಾಗದು. ಟೇಪಿನ ಕಾಲದಲ್ಲಿ ಲೆವೆಲ್ ಕಡಿಮೆಯಾದರೆ ಟೇಪಿನದೇ ಸುಸ್ ಎನ್ನುವ ಸಪ್ಪಳ ಮೇಲೆ ಬರುತ್ತಿತ್ತು, ಅದಕ್ಕೇ ಹಿರಿಯರು ಮುಳ್ಳನ್ನು ಕೆಂಪಿನ ಹತ್ತಿರ ಓಡಿಸುತ್ತಿದ್ದರು. 24 ಬಿಟ್‌ನಲ್ಲಿ ಆ ಹೆದರಿಕೆ ಇಲ್ಲ, -18ರಲ್ಲಿ ಹಿಡಿದು ಆಮೇಲೆ ಏರಿಸಿದರೂ ಸ್ವಚ್ಛ.

ಇನ್ನು ಗುಂಯ್ ಸಪ್ಪಳ. ಇದಕ್ಕೆ ಅರ್ಧ ದಿನ ಹೋದರೂ ಚಿಂತೆ ಇಲ್ಲ. ಬಾರಿಸದೆ ಸುಮ್ಮನೆ ಕೂತು ಹೆಡ್‌ಫೋನು ಹಾಕಿಕೊಳ್ಳಿರಿ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿರಿ. ಸಪ್ಪಳ ನಿಂತಿತೋ, ಅದು ಪಿಕಪ್ಪಿನಿಂದ ಬರುತ್ತಿತ್ತು. ನಿಲ್ಲಲಿಲ್ಲವೋ, ಕೇಬಲ್, ಡಬ್ಬಿ ಅಥವಾ ಕರೆಂಟಿನದು. ಪಿಕಪ್ಪಿನದಾದರೆ ವಾಲ್ಯೂಮ್ ಮತ್ತೆ ಏರಿಸಿ ಕುರ್ಚಿಯಲ್ಲಿ ನಿಧಾನ ಸುತ್ತು ತಿರುಗಿರಿ. ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ಆಂಟೆನಾ ಇದ್ದಂತೆ, ಒಂದು ದಿಕ್ಕಿಗೆ ಸಪ್ಪಳ ಏರುತ್ತದೆ, ಇನ್ನೊಂದಕ್ಕೆ ಬಹುತೇಕ ಮಾಯವಾಗುತ್ತದೆ. ಆ ದಿಕ್ಕಿಗೇ ಮುಖ ಮಾಡಿ ಕೂತು ರೆಕಾರ್ಡ್ ಮಾಡಿರಿ, ಲ್ಯಾಪ್‌ಟಾಪಿನಿಂದ ಒಂದೂವರೆ ಮೀಟರ್ ದೂರ. ಎರಡು ಸುರುಳಿಯ ಹಂಬಕರ್ ಪಿಕಪ್ ಹುಟ್ಟಿದ್ದೇ ಈ ಕಾಟಕ್ಕೆ: ಗಿಬ್ಸನ್ ಕಂಪನಿಯ ಸೆತ್ ಲವರ್ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1955ರಲ್ಲಿ.

ಸಪ್ಪಳದ ಬಣ್ಣವೂ ಸುಳಿವು ಕೊಡುತ್ತದೆ. ದಪ್ಪನೆಯ ಗುಂಯ್ ನಮ್ಮ 50 ಹರ್ಟ್ಸ್ ಕರೆಂಟಿನದು. ಜೇನುಹುಳದಂತೆ ಜಿರ್ರ್ ಎಂದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರೋ ಅಗ್ಗದ ಎಲ್ಇಡಿ ಬಲ್ಬೋ ಇರಬೇಕು, ಒಂದೊಂದೇ ಆರಿಸಿ ನೋಡಿರಿ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಚಾಲೂ ಆದಾಗ ಇದೇ ಜಿರ್ರ್ ನಾಲ್ಕು ಪಟ್ಟು ಆದಂತೆ ಕೇಳಿಸುತ್ತದೆ, ಆಗ ರೆಕಾರ್ಡಿಂಗ್ ನಿಲ್ಲಿಸುವುದೇ ಮೇಲು.

ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿರಿ. ಸಪ್ಪಳ ತಟ್ಟನೆ ನಿಂತರೆ ದೋಷ ಚಾರ್ಜರಿನದು ಇಲ್ಲವೆ ಅರ್ಥಿಂಗಿನದು. ಹಳೆಯ ಮನೆಗಳಲ್ಲಿ ಪ್ಲಗ್ಗಿಗೆ ಮೂರು ತೂತು ಇದ್ದರೂ ಮೇಲಿನ ದೊಡ್ಡ ತೂತಿಗೆ ವೈರೇ ಇರುವುದಿಲ್ಲ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ ಎನ್ನುವುದೂ ಇದರ ಗುರುತೇ. ನಮ್ಮ ಹುಬ್ಬಳ್ಳಿ, ಗದಗ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಮಣ್ಣು ಒಣಗಿದಷ್ಟೂ ಅದರಲ್ಲಿ ವಿದ್ಯುತ್ ಹರಿಯುವುದು ಕಷ್ಟ, ಹೀಗಾಗಿ ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್‌ನಲ್ಲಿ ಕೈಕೊಡಬಹುದು. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದು ಸುಮ್ಮನೆ ಬಂದ ಪದ್ಧತಿಯಲ್ಲ. ಎಲೆಕ್ಟ್ರಿಷಿಯನ್‌ರನ್ನು ಕರೆದು ಅಳೆಸಿರಿ. ಸಪ್ಪಳ ಹೋಗುತ್ತದೆಂದು ಅರ್ಥ್ ಪಿನ್ ಮುರಿಯುವ ಕೆಲಸ ಮಾತ್ರ ಖಂಡಿತ ಬೇಡ: ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಡಬ್ಬಿಗೆ, ಡಬ್ಬಿ ಲ್ಯಾಪ್‌ಟಾಪಿಗೆ ಜೋಡಣೆಯಾಗಿವೆ, ಎಲ್ಲಾದರೂ ಕರೆಂಟು ಸೋರಿದರೆ ಅದು ಬರುವುದು ನಿಮ್ಮ ಬೆರಳಿಗೇ. ತಂತಿ ಮುಟ್ಟಿದಾಗ ಸಪ್ಪಳ ಕಡಿಮೆಯಾಗುವುದು ಸಹಜ. ಮುಟ್ಟಿದಾಗ ಹೆಚ್ಚಾದರೆ ಬಾರಿಸುವುದನ್ನು ನಿಲ್ಲಿಸಿ ಅರ್ಥಿಂಗ್ ನೋಡಿಸಿರಿ.

ಅಕೂಸ್ಟಿಕ್ ಗಿಟಾರಿಗೆ ಕೋಣೆಯೂ ವಾದ್ಯದ ಭಾಗ. ಮೈಕನ್ನು ನಡುವಿನ ತೂತಿಗೆ ಎದುರಾಗಿ ಇಡುತ್ತಾರೆ, ಆದರೆ ಅಲ್ಲಿ ಬುಂಬುಂ ಎನ್ನುವ ಗಾಳಿಯೇ ಹೆಚ್ಚು. 12ನೇ ಫ್ರೆಟ್ಟಿಗೆ ಎದುರಾಗಿ, 25ರಿಂದ 30 ಸೆಂ.ಮೀ. ದೂರದಲ್ಲಿಟ್ಟು ತುದಿಯನ್ನು ತುಸು ತೂತಿನ ಕಡೆ ತಿರುಗಿಸಿರಿ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಗುಂಡಿ ಒತ್ತಬೇಕು, ಒತ್ತುವಾಗ ಹೆಡ್‌ಫೋನಿನ ಧ್ವನಿ ಇಳಿಸಿರಲಿ. ಆರ್‌ಸಿಸಿ ಮನೆಯ ಬರಿಗೋಡೆ, ಕಲ್ಲು ಹಾಸಿದ ನೆಲ ಚಪ್ಪಾಳೆ ತಟ್ಟಿದರೆ ಠಣ್ ಎನ್ನುತ್ತವೆ. ಅಜ್ಜಿ ಹೊಲಿದ ದಪ್ಪ ಕೌದಿ ಎರಡನ್ನು ನಿಮ್ಮ ಬೆನ್ನ ಹಿಂದೆ ಹಗ್ಗಕ್ಕೆ ಹಾಕಿರಿ, ಗೋಡೆಯಿಂದ ಒಂದು ಗೇಣು ಬಿಟ್ಟು. ಬೆನ್ನ ಹಿಂದೆ ಏಕೆಂದರೆ ಮೈಕಿನ ಬಾಯಿ ನೋಡುತ್ತಿರುವುದು ಆ ಗೋಡೆಯನ್ನೇ. ನೆಲಕ್ಕೆ ನವಲಗುಂದದ ಜಮಖಾನೆ ಚೆಂದ, ಆದರೆ ಅದು ತೆಳ್ಳಗಿನ ಹತ್ತಿಯದು, ಮೇಲಿನ ಕಿಣಿಕಿಣಿ ಮಾತ್ರ ನುಂಗುತ್ತದೆ. ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆ ಸಿಕ್ಕರೆ ಅದೇ ಒಳ್ಳೆಯ ಸ್ಟುಡಿಯೋ.

ಫ್ಯಾನು ಬಂದ್. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತೂ ಬೇಡ: ಆ ಬಡಿತ ಗಾಳಿಯಲ್ಲಿ ಅಷ್ಟಾಗಿ ಕೇಳಿಸದಿದ್ದರೂ ನೆಲದ ಮೂಲಕ ಸ್ಟ್ಯಾಂಡ್ ಹತ್ತಿ ಮೈಕಿಗೆ ದುಬ್ ದುಬ್ ಎಂದು ತಲುಪುತ್ತದೆ. ಸ್ಟ್ಯಾಂಡಿನ ಕಾಲಡಿ ಮಡಿಸಿದ ಕೌದಿ ಹಾಕಿದರೆ ಬಹಳಷ್ಟು ನಿಲ್ಲುತ್ತದೆ. ಉಳಿದದ್ದನ್ನು 70 ಹರ್ಟ್ಸ್‌ನ ಹೈಪಾಸ್ ಫಿಲ್ಟರಿನಿಂದ (ಅದಕ್ಕಿಂತ ಕೆಳಗಿನ ಧ್ವನಿಯನ್ನು ತಡೆಯುವಂಥದ್ದು) ಕತ್ತರಿಸಬಹುದು, ಗಿಟಾರಿನ ದಪ್ಪ ತಂತಿ 82 ಹರ್ಟ್ಸ್‌ನದಾದ್ದರಿಂದ ಸ್ವರಕ್ಕೆ ಪೆಟ್ಟಿಲ್ಲ. ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಬದಿಯ ಮನೆಯವರಿಗೆ ರಾತ್ರಿ ಹನ್ನೊಂದರ ಮೇಲೆಯೇ ಗತಿ.

ಎಲೆಕ್ಟ್ರಿಕ್ ಗಿಟಾರು ನೇರ ಒಳಗೆ ಹೋದಾಗ ತಗಡಿನಂತೆ ಕೇಳಿಸುವುದು ದೋಷವಲ್ಲ. ಗಿಟಾರ್ ಆಂಪಿನ ಸ್ಪೀಕರು 5 ಕಿಲೋಹರ್ಟ್ಸ್ ಮೇಲಿನದನ್ನು ಹೆಚ್ಚಾಗಿ ಬಿಡುವುದೇ ಇಲ್ಲ, ಇಲ್ಲಿ ಆ ಸ್ಪೀಕರೇ ಇಲ್ಲ. ಆಂಪಿನ ಧ್ವನಿ ಅನುಕರಿಸುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ಪ್ಲಗಿನ್ನನ್ನು ರೀಪರಿನಲ್ಲಿ ಹಾಕಿ, ಅದಕ್ಕೆ ಕ್ಯಾಬಿನೆಟ್ಟಿನ ಐಆರ್ ಫೈಲು (ಸ್ಪೀಕರ್ ಪೆಟ್ಟಿಗೆಯ ಧ್ವನಿಯ ಅಚ್ಚು) ಜೋಡಿಸಿರಿ. ಆಂಪ್ ಹಾಕಿ ಐಆರ್ ಮರೆತರೆ ಕಣಜದ ಗೂಡಿಗೆ ಕಲ್ಲು ಹೊಡೆದಂಥ ಧ್ವನಿ. ಟ್ರ್ಯಾಕಿನಲ್ಲಿ ಉಳಿಯುವುದು ಪ್ಲಗಿನ್ ಸೇರದ ಒಣ ಧ್ವನಿಯೇ ಇರಲಿ, ಪ್ಲಗಿನ್ ಕೇಳಲಿಕ್ಕೆ ಮಾತ್ರ. ನಾಳೆ ಮನಸ್ಸು ಬದಲಾದರೆ ಆಂಪ್ ಬದಲಿಸಬಹುದು, ಮತ್ತೆ ಬಾರಿಸಬೇಕಿಲ್ಲ.

ಗಿಟಾರು ಅಗಲವಾಗಿ ಕೇಳಿಸಬೇಕಾದರೆ ಅದೇ ಭಾಗವನ್ನು ಎರಡು ಸಲ ಬಾರಿಸಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ತಳ್ಳಿರಿ. ಒಂದನ್ನೇ ಕಾಪಿ ಮಾಡಿದರೆ ನಡೆಯದು. ಎರಡೂ ಕಡೆ ಒಂದೇ ಇದ್ದರೆ ಕಿವಿ ಅದನ್ನು ನಡುವಿನಲ್ಲೇ ಕೇಳುತ್ತದೆ. ಕೈಯ ಸಣ್ಣ ಹೆಚ್ಚುಕಡಿಮೆಯೇ ಅಗಲ ಕೊಡುವುದು.

ನಮ್ಮ ಕಡೆ ಪೇಟಿಯ ಜೊತೆ ರೆಕಾರ್ಡಿಂಗ್ ಬಂದೇ ಬರುತ್ತದೆ. ಹಾಡುವವರು ‘ಕಾಳಿ ಒಂದು’ (ಪೇಟಿಯ ಮೊದಲ ಕರಿ ಮನೆ) ಎಂದರೆ ಸಿ ಶಾರ್ಪ್: 1ನೇ ಫ್ರೆಟ್ಟಿಗೆ ಕ್ಯಾಪೋ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಸಿ ಆಕಾರದ ಕಾರ್ಡ್ ಹಿಡಿಯಿರಿ. ಹಳೆಯ ಪೇಟಿಯ ‘ಎ’ ಸ್ವರ 440 ಹರ್ಟ್ಸ್‌ಗೆ ಸರಿಯಾಗಿ ಇರುವುದು ಅಪರೂಪ, ಅದರ ರೀಡನ್ನು ತಿದ್ದುವುದು ಕುಶಲಿಗಳ ಕೆಲಸ. ಮೊದಲು ಪೇಟಿಯ ‘ಎ’ ಸ್ವರವನ್ನು ಟ್ಯೂನರಿನಲ್ಲಿ ನೋಡಿ, 436 ಬಂದರೆ 436, 443 ಬಂದರೆ 443 ಎಂದು ಟ್ಯೂನರನ್ನು ಬದಲಿಸಿ, ಆಮೇಲೆ ಗಿಟಾರಿನ ಆರೂ ತಂತಿ ಕೂಡಿಸಿರಿ. ಕ್ಯಾಪೋ ಹಾಕಿದ ಮೇಲೆ ಇನ್ನೊಮ್ಮೆ. ಅದು ತಂತಿಗಳನ್ನು ಅಷ್ಟಿಷ್ಟು ಎಳೆದಿರುತ್ತದೆ.